ಬೆಳೆ ಎಲ್ಲೈತೆ ಟೀಚರಮ್ಮ?

ಸೊಗಡಿನ ಅವರೆಕಾಯಿಯ ವಾಸನೆ ಒಮ್ಮೆ ಕೈಗೆ ಹತ್ತಿದರೆ ಎರಡು ದಿನ ಬಿಡುವುದಿಲ್ಲ ಎಂಬುದು ನನಗೆ ಅರವತ್ತರ ಹೊಸ್ತಿಲಲ್ಲಿ ಗೊತ್ತಾಯಿತು. ಸಾಬೂನು ಹಚ್ಚಿದೆ, ನಿಂಬೆಯ ಸಿಪ್ಪೆ ತಿಕ್ಕಿದೆ. ಆದರೂ ಹೆಬ್ಬೆರಳನ್ನು ಮೂಗಿನ ಬಳಿ ತಂದಾಗಲೆಲ್ಲ ಹಸಿಯಾದ, ತುಸು ಜಿಡ್ಡಾದ, ಇಬ್ಬನಿ ಬಿದ್ದ ಹೊಲದಂಥ ಆ ವಾಸನೆ ಅಲ್ಲೇ ಕೂತಿರುತ್ತಿತ್ತು. ನಮ್ಮ ಬೆಟಗೇರಿಯ ಕಡೆ ಅವರೆಗೆ ಇಷ್ಟೊಂದು ಮರ್ಯಾದೆ ಇಲ್ಲ; ನಾವು ಜೋಳ, ಹೆಸರು, ಕಡಲೆಯ ಜನ. ಅವರೆಕಾಯಿ ಬಂತೆಂದರೆ ಊರಿಗೆ ಊರೇ ಹಿಗ್ಗುವುದನ್ನು ನಾನು ಮೊದಲು ಕಂಡದ್ದು ಇಲ್ಲಿ, ಚಂದಾಪುರದ ಒಂದು ಓಣಿಯಲ್ಲಿ, ಹೊಸೂರು ರಸ್ತೆಯ ಲಾರಿಗಳ ಸದ್ದು ಹಗಲಿಡೀ ಗೋಡೆಗೆ ಒರಗಿಕೊಂಡೇ ಇರುವ ಒಂದು ಕಟ್ಟಡದಲ್ಲಿ.

ಇಲ್ಲಿಗೆ ನಾನು ಹೇಗೆ ಬಂದೆ ಎಂಬುದನ್ನು ಮೊದಲೇ ಹೇಳಿಬಿಡುತ್ತೇನೆ. ನಾನು ನಿವೃತ್ತ ಕನ್ನಡ ಶಿಕ್ಷಕಿ. ಜಾರ್ಖಂಡದಿಂದ ಹೆಣ್ಣುಮಕ್ಕಳು ಗುಂಪುಗುಂಪಾಗಿ ಬಂದು ಈ ಭಾಗದ ಕಾರ್ಖಾನೆಗಳಲ್ಲಿ ಫೋನು ಜೋಡಿಸುತ್ತಾರೆ, ಅವರಲ್ಲಿ ಬಹಳಷ್ಟು ಮಂದಿ ನಮ್ಮಂತೆಯೇ ಕ್ರೈಸ್ತರು, ಕಾಯಿಲೆಬಿದ್ದರೆ ಆಸ್ಪತ್ರೆಯಲ್ಲಿ ಎಲ್ಲಿ ನೋಯುತ್ತದೆಂದು ಹೇಳಲೂ ಅವರಿಗೆ ಭಾಷೆ ಬಾರದು ಎಂಬ ಸುದ್ದಿ ನಮ್ಮ ಚರ್ಚಿನ ಸಭೆಗೆ ಮುಟ್ಟಿದಾಗ, ಇಬ್ಬರು ಹೆಂಗಸರನ್ನು ಹತ್ತು ತಿಂಗಳ ಸೇವೆಗೆ ಕಳಿಸುವುದೆಂದು ತೀರ್ಮಾನವಾಯಿತು. ಒಬ್ಬಳು ನಾನು, ಇನ್ನೊಬ್ಬಳು ನನ್ನ ಬಾಲ್ಯದ ಗೆಳತಿ ದೀನಮ್ಮ, ನರ್ಸ್ ಆಗಿ ನಿವೃತ್ತಳಾದವಳು. ಸಂಜೆ ಬಸ್ಸಿಗೆ, ಅಂಗಡಿಗೆ, ಆಸ್ಪತ್ರೆಗೆ ಬೇಕಾಗುವಷ್ಟು ಕನ್ನಡ ಕಲಿಸುವುದು, ಹುಷಾರಿಲ್ಲದವರ ಜೊತೆಗೆ ಹೋಗುವುದು, ಭಾನುವಾರ ಕೂಡಿ ಪ್ರಾರ್ಥಿಸುವುದು. ಇಷ್ಟೇ ನಮ್ಮ ಕೆಲಸ. ಆಗಸ್ಟಿನಲ್ಲಿ ಬಂದೆವು. ನವೆಂಬರಿನಲ್ಲಿ, ದಿನಕ್ಕೆ ಹತ್ತು ಸಲ ಮೂರು ಮಹಡಿ ಹತ್ತಿಳಿದ ದೀನಮ್ಮನ ಮೊಣಕಾಲು ಕೈಕೊಟ್ಟಿತು. ಅವಳನ್ನು ರೈಲು ಹತ್ತಿಸಿ ಬಂದ ಮೇಲೆ ನಾನೊಬ್ಬಳೇ ಉಳಿದೆ, ಜನವರಿಯ ಹೊತ್ತಿಗೆ ಸರಿಯಾಗಿ ಅರ್ಧ ದಾರಿಯಲ್ಲಿ ನಿಂತಿದ್ದೆ.

ಈ ಅರ್ಧ ಎಂಬುದು ಎಂಥ ವಿಚಿತ್ರ ಜಾಗ, ನೋಡಿ. ಹೊರಡುವಾಗ ಹಾರ, ಹಾಡು, ಕಣ್ಣೀರು, ಎಲ್ಲವೂ ಇರುತ್ತವೆ. ಮುಗಿಸಿ ಹೋಗುವಾಗಲೂ ಬಹುಶಃ ಇರುತ್ತವೆ. ನಡುವಿನಲ್ಲಿ ಮಾತ್ರ ಯಾರೂ ನಿಂತು ಕೈಬೀಸುವುದಿಲ್ಲ. ಬಂದ ಹೊಸತರ ಹುರುಪು ಕರಗಿರುತ್ತದೆ, ಊರಿಗೆ ಮರಳುವ ದಿನ ಎಣಿಸೋಣವೆಂದರೆ ಇನ್ನೂ ಬಹಳ ಉಳಿದಿರುತ್ತವೆ. ನಾನು ಇಲ್ಲಿ ಏನು ಮಾಡುತ್ತಿದ್ದೇನೆ ಎಂಬ ಪ್ರಶ್ನೆ, ಬಾಡಿಗೆಗೆ ಬಂದ ಹೊಸಬನಂತೆ, ಆಗಲೇ ಬಂದು ಬಾಗಿಲು ತಟ್ಟುತ್ತದೆ.

ಆ ಪ್ರಶ್ನೆಗೆ ಇನ್ನೊಂದು ರೂಪ ಕೊಟ್ಟವರು ನಮ್ಮ ಮನೆಯ ಒಡತಿ ಜಯಮ್ಮ. ಎಪ್ಪತ್ತರ ಆಸುಪಾಸಿನ, ಸೊಂಟಕ್ಕೆ ಸೆರಗು ಸಿಕ್ಕಿಸಿಕೊಂಡೇ ಓಡಾಡುವ ಗಟ್ಟಿ ಹೆಂಗಸು. ಈ ಕಟ್ಟಡ ನಿಂತಿರುವುದು ಅವರು ಮದುವೆಯಾಗಿ ಬಂದಾಗ ರಾಗಿ ಬಿತ್ತುತ್ತಿದ್ದ ನೆಲದ ಮೇಲೆ. ಈಗ ಅಲ್ಲಿ ಮೂರು ಮಹಡಿ, ಮಹಡಿಗೆ ಆರು ಕೋಣೆ, ಕೋಣೆಗೆ ನಾಲ್ಕು ಹುಡುಗಿಯರು. ಹಿಂಭಾಗದಲ್ಲಿ, ನೀರಿನ ಸಂಪಿನ ಪಕ್ಕ, ಕಟ್ಟಲು ಮರೆತಂತೆ ಉಳಿದ ಒಂದು ತುಂಡು ನೆಲದಲ್ಲಿ ಮಾತ್ರ ಜಯಮ್ಮ ಈಗಲೂ ಅವರೆ ಹಾಕುತ್ತಾರೆ. ಕೆಳಗಿನ ಶೆಡ್ಡನ್ನು ನಮ್ಮ ಪಾಠಕ್ಕೆಂದು ಬಿಟ್ಟುಕೊಟ್ಟವರೂ ಅವರೇ. ಕೊಟ್ಟ ದಿನ ನಾನು ಕೈಮುಗಿದು, "ಬಹಳ ಧನ್ಯವಾದ ರೀ ಅಕ್ಕಾರ" ಎಂದಾಗ ಅವರ ಮುಖ ಸಣ್ಣಗಾಯಿತು.

"ಯಾಕಮ್ಮ, ನಾನೇನು ವೊರಗಿನೋಳಾ?" ಎಂದರು.

ಆ ಮಾತು ನನ್ನನ್ನು ಬಹಳ ದಿನ ಕುಟುಕಿತು. ಮೂವತ್ತು ವರ್ಷ ಮಕ್ಕಳಿಗೆ ಕನ್ನಡ ಕಲಿಸಿದವಳಿಗೆ ಹೊಳೆಯದೇ ಇದ್ದದ್ದು ಅದು. ಧನ್ಯವಾದ ಎಂಬುದು ನಮ್ಮ ಭಾಷೆಯಲ್ಲಿ ವೇದಿಕೆಯ ಮಾತು. ಸಮಾರಂಭದ ಕೊನೆಯಲ್ಲಿ ಒಬ್ಬರು ಎದ್ದು ಓದುವಂಥದ್ದು. ಅಡುಗೆಮನೆಯಲ್ಲಿ ಅದನ್ನು ಯಾರು ಯಾರಿಗೆ ಹೇಳುತ್ತಾರೆ? ತಾಯಿಗೆ ಹೇಳಿದ್ದುಂಟೇ, ಅಕ್ಕನಿಗೆ ಹೇಳಿದ್ದುಂಟೇ? ಹಾಗಿದ್ದರೆ ಉಪಕಾರದ ಭಾರವನ್ನು ನಮ್ಮ ಜನ ಯಾವ ಪಾತ್ರೆಯಲ್ಲಿ ತುಂಬಿ ಹಿಂದಿರುಗಿಸುತ್ತಾರೆ ಎಂಬ ಕುತೂಹಲ ಹುಟ್ಟಿತು. ಅಂದಿನಿಂದ ಗಮನಿಸತೊಡಗಿದೆ. ಹುಡುಗಿಯರು ಜಯಮ್ಮನಿಗೆ ಥ್ಯಾಂಕ್ಸ್ ಎನ್ನುತ್ತಿರಲಿಲ್ಲ; ಅವರ ಸೂಜಿಗೆ ದಾರ ಪೋಣಿಸಿಕೊಡುತ್ತಿದ್ದರು. ಜಯಮ್ಮನೂ ಅವರಿಗೆ ಹಾಗೆನ್ನುತ್ತಿರಲಿಲ್ಲ. ತಲೆಗೆ ಎಣ್ಣೆ ಹಾಕಿಕೊಳ್ಳದೆ ಹೊರಟವಳನ್ನು ಗೇಟಿನಲ್ಲೇ ತಡೆದು ಬೈಯುತ್ತಿದ್ದರು.

ಜನವರಿಯ ಆರಂಭದಲ್ಲಿ ನನಗೊಂದು ಯೋಚನೆ ಬಂತು. ನಮ್ಮ ಸಭೆಯಲ್ಲಿ ವರ್ಷಕ್ಕೊಮ್ಮೆ ಬೆಳೆ ಹಬ್ಬ ಮಾಡುತ್ತೇವೆ. ಜೋಳದ ತೆನೆ, ಕುಂಬಳಕಾಯಿ, ಹೆಸರಿನ ಬುಟ್ಟಿ, ಮೊದಲು ಕೊಯ್ದದ್ದನ್ನೆಲ್ಲ ದೇವರ ಮುಂದೆ ಇಟ್ಟು ಸ್ತೋತ್ರ ಸಲ್ಲಿಸುತ್ತೇವೆ. ಅದನ್ನು ಇಲ್ಲಿಯೂ ಮಾಡೋಣ, ಹುಡುಗಿಯರಿಗೆ ಊರಿನ ನೆನಪಾದೀತು ಎಂದುಕೊಂಡೆ. ಜಯಮ್ಮನಿಗೂ ಹೇಳಿದೆ.

ಅವರು ಮೊರ ಕೆಳಗಿಟ್ಟು ಸುತ್ತ ನೋಡಿದರು. ಎಡಕ್ಕೆ ಕಟ್ಟಡ, ಬಲಕ್ಕೆ ಕಟ್ಟಡ, ಎದುರಿಗೆ ಅರ್ಧ ಎದ್ದ ಮತ್ತೊಂದು ಕಟ್ಟಡ. "ಅಬ್ಬ ಮಾಡಿ, ಬೇಡ ಅನ್ನಾಕಿಲ್ಲ. ಆದ್ರೆ ಬೆಳೆ ಎಲ್ಲೈತೆ ಟೀಚರಮ್ಮ?"

ಸಂಜೆ ಪಾಠದಲ್ಲಿ ಅದೇ ಪ್ರಶ್ನೆ ಬೇರೆ ಬಾಯಿಂದ ಬಂತು. ಅಂಜಲಾ ಎಂಬ ಹುಡುಗಿ, ಎಲ್ಲರಿಗಿಂತ ಮೊದಲು ಕನ್ನಡದಲ್ಲಿ ಜಗಳವಾಡಲು ಕಲಿತವಳು, ಕೈ ಎತ್ತಿ ಕೇಳಿದಳು: "ಆಂಟಿ, ನಮ್ದು ಬೆಳೆ ಏನು? ಫ್ಯಾಕ್ಟರಿಯಿಂದ ಒಂದು ಸ್ಕ್ರೂ ತರಕ್ಕೆ ಆಗಲ್ಲ. ಗೇಟಲ್ಲಿ ಜೇಬು, ಶೂ, ಕೂದಲು ಎಲ್ಲ ನೋಡ್ತಾರೆ."

ಎಲ್ಲರೂ ನಕ್ಕರು, ನಾನೂ ನಕ್ಕೆ. ಆಮೇಲೆ ಯೋಚಿಸಿದರೆ ನಗುವಂಥದ್ದಾಗಿರಲಿಲ್ಲ. ದಿನಕ್ಕೆ ಎಂಟು ಗಂಟೆ ದುಡಿದು ತಾವೇ ಮಾಡಿದ್ದರಲ್ಲಿ ಮೊದಲ ಫಲವಿರಲಿ, ಸಾವಿರನೆಯ ಫಲವನ್ನೂ ಅವರು ಮನೆಗೆ ತರುವಂತಿಲ್ಲ. ಏನಾದರೂ ಸರಿ, ಕೈಗೆ ಸಿಕ್ಕಿದ್ದು ತನ್ನಿ ಎಂದು ಹೇಳಿ ಪಾಠ ಮುಗಿಸಿದೆ.

ಹಬ್ಬಕ್ಕೆಂದು ಗೊತ್ತುಮಾಡಿದ ಭಾನುವಾರಕ್ಕೆ ಎರಡು ದಿನ ಮುಂಚೆ ಜಯಮ್ಮನ ಮಗ ಬಂದರು. ಮರ್ಯಾದಸ್ಥರು. ಬಾಗಿಲಲ್ಲೇ ನಿಂತು, "ಟೀಚರ್, ತಪ್ಪು ತಿಳ್ಕೋಬೇಡಿ. ನೀವು ಒಳಗೆ ಏನ್ ಮಾಡ್ತೀರಾ ಅಂತ ಬೀದಿಯೋರು ಒಬ್ಬಿಬ್ರು ಕೇಳ್ತಾವ್ರೆ" ಎಂದರು. "ಬಾಗಲಾ ತೆರೆದಽ ಇರ್ತೈತ್ರಿ, ಯಾರರ ಬಂದು ನೋಡ್ಲಿ" ಎಂದೆ. ಅವರು ತಲೆಯಾಡಿಸಿ ಹೋದರು. ಅವರ ಮೇಲೆ ನನಗೆ ಸಿಟ್ಟು ಬರಲಿಲ್ಲ. ಯಾವುದೋ ಊರಿನ ಹೆಂಗಸು ತಮ್ಮ ಮನೆಯಲ್ಲಿ ಏನು ಮಾಡುತ್ತಾಳೆಂದು ತಿಳಿಯುವ ಹಕ್ಕು ಅವರಿಗಿತ್ತು. ಆದರೆ ಒಂದು ಮಾತು ನನ್ನೊಳಗೆ ಸ್ಪಷ್ಟವಾಯಿತು: ಐದು ತಿಂಗಳ ಮೇಲೂ ನಾನು ಯಾವುದೋ ಊರಿನ ಹೆಂಗಸೇ.

ಶನಿವಾರ ಸಂಜೆ ಇನ್ನೊಂದು ಸುದ್ದಿ. ಕಾರ್ಖಾನೆಯವರು ಭಾನುವಾರವೂ ಕೆಲಸಕ್ಕೆ ಬರಬೇಕೆಂದಿದ್ದರು. ನಾನು ದೀನಮ್ಮನಿಗೆ ಫೋನು ಮಾಡಿದೆ. "ಸಾಕು ಬಾರವಾ. ನಿನ್ನ ಕೈಲಾದಷ್ಟು ಮಾಡೀದಿ. ಸೋಮವಾರ ಸಂಜಿ ಬಸ್ ಹತ್ತು" ಎಂದಳು. ಸುಮ್ಮನೆ ಹೂಂ ಎಂದೆ. ಹಾಗೆಂದ ಮೇಲೆ ಎದೆ ಹಗುರಾಯಿತೆಂಬುದನ್ನು ಇಲ್ಲಿ ಮುಚ್ಚಿಡುವುದಿಲ್ಲ.

ಭಾನುವಾರ ಹನ್ನೊಂದಕ್ಕೆ ಶೆಡ್ಡಿನಲ್ಲಿ ಒಂದು ಮೇಜು, ಮೇಜಿನ ಮೇಲೆ ಬಿಳಿಯ ಬಟ್ಟೆ, ಬಟ್ಟೆಯ ಮೇಲೆ ನಾನೇ ಅಂಗಡಿಯಿಂದ ತಂದ ಒಂದು ಎಲೆಕೋಸು. ಹಬ್ಬಕ್ಕೆ ಬಂದವಳು ನಾನೊಬ್ಬಳೇ. ಕೊಂಡು ತಂದ ಎಲೆಕೋಸಿನ ಮುಂದೆ ಬೆಳೆ ಹಬ್ಬದ ಪ್ರಾರ್ಥನೆಯನ್ನು ಶುರು ಮಾಡಲು ಬಾಯಿ ಬರದೆ ಕೂತಿದ್ದಾಗ ಜಯಮ್ಮ ಇಣುಕಿದರು. ಎಲೆಕೋಸನ್ನು ನೋಡಿದರು, ನನ್ನನ್ನು ನೋಡಿದರು, ಹೋದರು. ಮರುಕ್ಷಣ ದೊಡ್ಡ ಅಲ್ಯೂಮಿನಿಯಂ ಪಾತ್ರೆಯೊಂದನ್ನು ಸೊಂಟಕ್ಕೆ ಒತ್ತಿಕೊಂಡು ಬಂದರು. ತುಂಬ ನೆನೆಸಿದ ಅವರೆಕಾಳು.

"ನಿನ್ನೆ ಕಿತ್ತಿದ್ದು, ಇಂದ್ಗಡೆದು. ಸುಮ್ಕೆ ಕೂತ್ಕಂಡು ಏನ್ ಮಾಡೀರಿ? ಬನ್ನಿ, ಇದುಕಾನ."

ಹಿದುಕುವುದೆಂದರೇನೆಂದು ನನಗೆ ಗೊತ್ತಿರಲಿಲ್ಲ. ಅವರು ಒಂದು ಕಾಳನ್ನು ಹೆಬ್ಬೆರಳು, ತೋರುಬೆರಳಿನ ನಡುವೆ ಹಿಡಿದು ಒತ್ತಿದರು. ಸಿಪ್ಪೆ ಬೆರಳಲ್ಲೇ ಉಳಿದು, ಎಳೆ ಹಸಿರಿನ ಬೇಳೆ ಪುಟಕ್ಕನೆ ಪಕ್ಕದ ಬೋಗುಣಿಗೆ ಹಾರಿತು. ಹೀಗೆ ಒಂದೊಂದಾಗಿ, ಸಾವಿರಾರು ಕಾಳು. ಒಬ್ಬರೇ ಕೂತರೆ ದಿನವೇ ಬೇಕು. ಈ ಕೆಲಸ ಇರುವುದೇ ಹತ್ತು ಜನ ಕೂಡಿ ಕೂರಲೆಂದು ಅನ್ನಿಸಿತು. ಬೆಳೆಗೂ ಬೇಳೆಗೂ ನಡುವೆ ಒಂದು ದೀರ್ಘದ ಅಂತರ ಎಂದು ಶಾಲೆಯಲ್ಲಿ ಮಕ್ಕಳಿಗೆ ಹೇಳುತ್ತಿದ್ದೆ. ಆ ದೀರ್ಘ ಎಷ್ಟು ದೀರ್ಘವೆಂದು ಅವತ್ತು ಬೆರಳು ನೊಂದಾಗ ತಿಳಿಯಿತು.

ಮಾತಾಡುತ್ತ ಹಿದುಕಿದೆವು. ಅವರು ಆ ನೆಲದ ರಾಗಿಯ ಕಥೆ ಹೇಳಿದರು, ನಾನು ಬೆಟಗೇರಿಯ ಮಗ್ಗಗಳ ಸದ್ದಿನ ಕಥೆ ಹೇಳಿದೆ. ನಾಲ್ಕು ಗಂಟೆಗೆ ಕಾರ್ಖಾನೆಯ ಬಸ್ಸು ಬಂತು. ಹುಡುಗಿಯರು ಕೋಣೆಗೆ ಹೋಗದೆ, ಕತ್ತಿನ ಗುರುತಿನ ಚೀಟಿಯನ್ನೂ ತೆಗೆಯದೆ, ನೇರ ಶೆಡ್ಡಿಗೆ ಬಂದರು, ಹನ್ನೊಂದು ಜನ. ಬಾಗಿಲಲ್ಲಿ ನಿಂತು ಅಂಜಲಾ, "ಆಂಟಿ, ಏನೂ ತಂದಿಲ್ಲ. ಟೈಮ್ ಇಲ್ಲ" ಎಂದು ತಲೆತಗ್ಗಿಸಿದಳು. ನಾನು ಹೇಳುವ ಮೊದಲೇ ಜಯಮ್ಮ, "ಕೈ ತೊಳ್ಕಂಡು ಕೂತ್ಕಳ್ರೇ" ಎಂದು ಗದರಿದರು.

ಅವರು ಹಿದುಕಿದ ಪರಿಯನ್ನು ನೀವು ನೋಡಬೇಕಿತ್ತು. ಕಣ್ಣಿಗೆ ಕಾಣದ ತಿರುಪುಗಳನ್ನು ದಿನವಿಡೀ ಕೂರಿಸುವ ಬೆರಳುಗಳು. ಎರಡು ಕೈಯಲ್ಲೂ ಒಟ್ಟೊಟ್ಟಿಗೆ, ನೋಡದೆಯೇ, ಹಾಡುತ್ತ. ಅರ್ಧ ಗಂಟೆಯಲ್ಲಿ ಪಾತ್ರೆ ಖಾಲಿ. ಜಯಮ್ಮ ಬೆರಗಾಗಿ ಅಂಜಲಾಳ ಕೈಯನ್ನು ಹಿಡಿದು ಮಗುಚಿ ನೋಡಿದರು, ಬೆರಳ ತುದಿಯ ಚರ್ಮ ಗಟ್ಟಿಯಾಗಿದ್ದುದನ್ನು ಸವರಿದರು. ಆಮೇಲೆ ಆ ಬೇಳೆಯನ್ನು ಮೇಜಿನ ಮೇಲೆ, ಎಲೆಕೋಸಿನ ಪಕ್ಕ ಇಟ್ಟೆವು. ಇವತ್ತು ನೀನೇ ಪ್ರಾರ್ಥನೆ ಮಾಡು ಎಂದು ನಾನು ಅಂಜಲಾಳಿಗೆ ಹೇಳಿದೆ. ಅವಳು ತನ್ನ ಭಾಷೆಯಲ್ಲಿ ಮಾಡಿದಳು. ನನಗೆ ಅರ್ಥವಾದದ್ದು ನಡುನಡುವೆ ಬಂದ ಹೆಸರುಗಳಷ್ಟೇ: ಅವಳ ತಾಯಿ, ಜೊತೆಯವರು, ಬಸ್ಸಿನ ಡ್ರೈವರಣ್ಣ, ಆಂಟಿ, ಮತ್ತೆ, ಸ್ಪಷ್ಟವಾಗಿ, ಜಯಮ್ಮ. ಬಾಗಿಲ ಬಳಿ ನಿಂತಿದ್ದ ಜಯಮ್ಮ ಸೆರಗನ್ನು ಸರಿಮಾಡಿಕೊಂಡರು.

ಬೇಳೆ ಸಾರು, ಬಿಸಿ ಮುದ್ದೆ ಉಂಡು ಹುಡುಗಿಯರು ಮೇಲೆ ಹೋದ ಮೇಲೆ ನಾವಿಬ್ಬರೂ ನಲ್ಲಿಯ ಬಳಿ ಪಾತ್ರೆ ತೊಳೆಯುತ್ತಿದ್ದೆವು.

"ಆ ಉಡುಗಿ ದೇವ್ರತ್ರ ನನ್ನೆಸ್ರು ಏಳಿದ್ಲಲ್ಲ, ಏನಂದ್ಲು?"

"ಅವರ ಮಾತು ನನಗೂ ತಿಳಿಯಂಗಿಲ್ರಿ ಅಕ್ಕಾರ. ನಿಮಗ ಒಳ್ಳೇದಾಗ್ಲಿ ಅಂದಿರ್ಬೇಕು."

ಅವರು ತಟ್ಟೆಯೊಂದನ್ನು ಬಹಳ ಹೊತ್ತು ತಿಕ್ಕಿದರು. "ಗುಡಿಗೋದ್ರೆ ನಮ್ಮೆಜಮಾನ್ರ ಎಸ್ರು ಏಳ್ತೀನಿ, ಮಗಂದು, ಮೊಮ್ಮಕ್ಕಳದು ಏಳ್ತೀನಿ. ನಂದು ಏಳಾಕೇ ಓಗಿಲ್ಲ ಯಾವತ್ತೂವೆ. ಈಗ ಯಾವೂರ್ದೋ ಉಡುಗಿ ಏಳ್ಬುಟ್ಲು."

ಸೋಮವಾರ ಬೆಳಗ್ಗೆ ಅವರು ಸ್ನಾನ ಮಾಡಿ, ಹಣ್ಣುಕಾಯಿಯ ಬುಟ್ಟಿ ಹಿಡಿದು ನನ್ನ ಬಾಗಿಲಿಗೆ ಬಂದರು. ನನ್ನ ನಕ್ಷತ್ರ ಯಾವುದೆಂದು ಕೇಳಿದರು. ನಮ್ಮಲ್ಲಿ ನಕ್ಷತ್ರ ನೋಡುವುದಿಲ್ಲ ಎಂದೆ. "ಅಂಗಾರೆ ಎಸ್ರು ಏಳಿ. ಐದು ತಿಂಗ್ಳು ಬರೀ ಟೀಚರಮ್ಮ ಅಂತಾನೇ ಕಳೆದ್ಬುಟ್ಟೆ."

ಓದುಗ ಮಿತ್ರರೇ, ನಾನು ಹಿಂಜರಿಯಲಿಲ್ಲ ಎಂದರೆ ಸುಳ್ಳಾಗುತ್ತದೆ. ನಮ್ಮ ಸಭೆಯ ಹಿರಿಯರ ಮುಖಗಳು ಒಂದೊಂದಾಗಿ ಕಣ್ಣ ಮುಂದೆ ಬಂದವು. ನನ್ನ ಹೆಸರು ಇನ್ನೊಂದು ದೇವರ ಮುಂದೆ ನಿಲ್ಲುವುದೆಂದರೆ ಏನು, ಇದನ್ನು ಅವರಿಗೆ ಹೇಗೆ ಬರೆಯುವುದು ಎಂದು ಮನಸ್ಸು ತಡವರಿಸಿತು. ಆದರೆ ನನ್ನ ಮುಂದೆ ನಿಂತಿದ್ದವರು ತಮಗೆ ಸಿಕ್ಕ ಒಂದನ್ನು ತಮಗೆ ತಿಳಿದ ಏಕೈಕ ದಾರಿಯಲ್ಲಿ ಹಿಂದಿರುಗಿಸಲು ಹೊರಟಿದ್ದರು. ಐದು ತಿಂಗಳಿಂದ ನಾನು ಹುಡುಕುತ್ತಿದ್ದ, ಉಪಕಾರ ತುಂಬಿಕೊಡುವ ಆ ಪಾತ್ರೆ ಇದೇ ಇರಬಹುದೇ? ಗೊತ್ತಿಲ್ಲ. "ಸರೋಜಿನಿ" ಎಂದೆ.

ಹತ್ತು ಗಂಟೆಗೆ ಮರಳಿ ಬಂದರು. "ಪೂಜಾರಪ್ಪ ನಕ್ಷತ್ರ ಕೇಳ್ದ, ತಿಳೀದು ಅಂದೆ. ಅಂಗಾರೆ ಯಾರ ಮನೆಯೋರು ಅಂದ. ನಮ್ಮನೇರೇ ಕಣಪ್ಪ, ನಮ್ಮೋರ ಜೊತೇಲೇ ಸೇರಿಸ್ಕಂಡು ಏಳು ಅಂದೆ. ಏಳ್ದ." ಅಷ್ಟು ಹೇಳಿ, ಯಾರೋ ನಲ್ಲಿ ತಿರುಗಿಸಿ ಬಿಟ್ಟಿದ್ದಾರೆಂದು ಬೈಯುತ್ತ ಮೆಟ್ಟಿಲು ಹತ್ತಿದರು.

ಸಂಜೆ ದೀನಮ್ಮನ ಫೋನು. ಬಸ್ಸು ಹತ್ತಿದೆಯಾ ಎಂದು ಕೇಳಿದಳು. ಹತ್ತಿಲ್ಲ, ಉಳಿದ ಐದು ತಿಂಗಳೂ ಮುಗಿಸಿಯೇ ಬರುತ್ತೇನೆ, ಮೊಣಕಾಲು ವಾಸಿಯಾಗಿದ್ದರೆ ನೀನೇ ಬಾ, ಈ ಸಲ ನೆಲಮಹಡಿಯಲ್ಲೇ ಕೋಣೆ ಕೇಳುತ್ತೇನೆ ಎಂದೆ.

"ಯಾರ ಮನಿಯಾಗವಾ?" ಎಂದಳು.

"ನಮ್ಮನಿಯಾಗ" ಎಂದೆ.