ಕಾಶಿ ಪಾಸು, ಗುಂಡ ನಪಾಸು

ನನಗೆ ಕೂತಲ್ಲಿ ಕೂಡುವ ಅಭ್ಯಾಸವಿಲ್ಲ. ಉಣ್ಣುವಾಗಲೂ ಒಂದು ಮೊಣಕಾಲು ಅಲುಗುತ್ತಿರುತ್ತದೆ. ಇಂಥ ಮನುಷ್ಯ ಮನೆಯಲ್ಲಿ ಸುಮ್ಮನಿರಬೇಕಾದರೆ ಏನಾದರೊಂದು ಉಸಾಬರಿ ಬೇಕು. ಬನಹಟ್ಟಿಯಲ್ಲಿ ಮಾಸ್ತರನಾಗಿದ್ದಾಗ ನಾನು ಹಚ್ಚಿಕೊಂಡ ಉಸಾಬರಿಯೆಂದರೆ ಎರಡು ಬೆಕ್ಕುಗಳ ಬುದ್ಧಿಯನ್ನು ಪರೀಕ್ಷಿಸುವುದು. ಹೇಳಿಕೊಳ್ಳಲು ನಾಚಿಕೆಯಾಗುತ್ತದೆ. ಹೇಳದಿದ್ದರೆ ಮೊಣಕಾಲು ನಿಲ್ಲುವುದಿಲ್ಲ.

ಸಂಸ್ಥಾನ ಹೋಗಿ ನಾವೆಲ್ಲ ಮುಂಬಯಿ ರಾಜ್ಯದವರಾದ ಹೊಸತು. ನನ್ನನ್ನು ತರಬೇತಿಗೆ ಕಳಿಸಿದರು. ಅಲ್ಲಿ ಗುರುಗಳೊಬ್ಬರು ಬುದ್ಧಿಯನ್ನು ಅಳೆಯಬಹುದು, ಅಳೆದು ಅಂಕ ಕೊಡಬಹುದು ಎಂದು ಮರಾಠಿಯಲ್ಲಿ ವಿವರಿಸಿದ್ದು ನನ್ನ ತಲೆಗೆ ಹೊಕ್ಕಿತು. ಅಲ್ಲಿಯತನಕ ಬುದ್ಧಿಯೆಂದರೆ ಹುಡುಗರನ್ನು ಬೈಯುವಾಗ ಮಾತ್ರ ನೆನಪಾಗುವ ವಸ್ತು ಎಂದುಕೊಂಡಿದ್ದೆ. ಊರಿಗೆ ಬಂದವನೇ ಸಾಲೆಯ ಮಕ್ಕಳನ್ನೆಲ್ಲ ಅಳೆಯಲು ಹೊರಟೆ. ಹೆಡ್‌ಮಾಸ್ತರರು, "ಮೊದಲ ಲೆಕ್ಕದ ಪುಸ್ತಕ ಮುಗಸ್ರಿ" ಎಂದು ಕೈಮುಗಿದರು. ಹೀಗಾಗಿ ಅಳತೆಗೆ ಸಿಕ್ಕಿದ್ದು ಮನೆಯ ಬೆಕ್ಕುಗಳು.

ಅವು ನಮ್ಮವೆಂದು ಹೇಳುವಂತಿರಲಿಲ್ಲ. ನಾವಿದ್ದದ್ದು ನೇಕಾರ ರಾಚಪ್ಪನ ಮನೆಯ ಹಿಂದಿನ ಎರಡು ಖೋಲಿಗಳಲ್ಲಿ. ಪಡಸಾಲೆಯಲ್ಲಿ ಅವನ ಕುಣಿಮಗ್ಗ, ನೆಲದ ಕುಣಿಯಲ್ಲಿ ಕಾಲು ಇಳಿಬಿಟ್ಟು ಕೂತು ನೇಯುವಂಥದು. ಮುಂಜಾನೆಯಿಂದ ಸಂಜೆಯವರೆಗೆ ಅದರ ಖಟಖಟ ಸದ್ದು. ನೂಲಿಗೆ ಗಂಜಿ ಹಚ್ಚುತ್ತಾರಲ್ಲ, ಅದರ ವಾಸನೆಗೆ ಇಲಿಗಳು ಬರುತ್ತವೆ. ಅದಕ್ಕೇ ನೇಕಾರರ ಮನೆಯಲ್ಲಿ ಬೆಕ್ಕಿಗೆ ಮನೆಮಗನ ಮಾನ. ಇಲ್ಲಿದ್ದದ್ದು ಎರಡು. ಕಾಶಿ ಎಂಬ ತೆಳ್ಳಗಿನ ಬೂದಿ ಬಣ್ಣದ ಹೆಣ್ಣು. ಗುಂಡ ಎಂಬ ಬಿಳಿಯ ಗಂಡು, ಹೆಸರಿಗೆ ತಕ್ಕ ಮೈ. ಗುಂಡ ಬಹಳ ಹೊತ್ತು ಮಗ್ಗದ ಕುಣಿಯಲ್ಲೇ, ರಾಚಪ್ಪನ ಕಾಲ ಬಳಿ ಮಲಗಿರುತ್ತಿದ್ದ.

ನನ್ನ ಪರೀಕ್ಷೆ ಸರಳವಾಗಿತ್ತು. ಹಲಗೆಯೊಂದರ ಹಿಂದೆ ಕೆನೆ ತುಂಬಿದ ಬಟ್ಟಲು. ಬಟ್ಟಲಿಗೆ ಕಟ್ಟಿದ ದಾರದ ತುದಿ ಹಲಗೆಯ ಈಚೆ. ದಾರ ಎಳೆದರೆ ಬಟ್ಟಲು ಬರಬೇಕು. ಕಾಶಿ ಎರಡು ದಿನ ನೋಡಿದಳು, ಮೂರನೆಯ ದಿನ ಉಗುರು ಹಾಕಿ ಎಳೆದೇ ಬಿಟ್ಟಳು. ನಾನು ಎದ್ದು ಕುಣಿಯುವುದೊಂದು ಬಾಕಿ. ಹಳೆಯ ಹಾಜರಿ ಪುಸ್ತಕದಲ್ಲಿ ಕಾಶಿಗೆ ನೂರಕ್ಕೆ ನೂರು ಬರೆದೆ. ಗುಂಡ ದಾರದತ್ತ ನೋಡಲಿಲ್ಲ. ಎದುರಿಗೆ ಕೂತು ನನ್ನ ಮುಖವನ್ನೇ ನೋಡಿದ. ಆಮೇಲೆ ಎದ್ದು ಅಡುಗೆಮನೆಗೆ ಹೋಗಿ ನನ್ನ ಹೆಂಡತಿ ಇಂದಿರೆಯ ಮುಖ ನೋಡಿದ. ಅವಳು ಹಾಲು ಹಾಕಿದಳು. ಹತ್ತು ದಿನವೂ ಇದೇ ಆಯಿತು, ಹತ್ತು ದಿನವೂ ಸೊನ್ನೆ.

"ಇಬ್ಬರ ಹೊಟ್ಟೀನೂ ತುಂಬೇದ. ಮತ್ತ ಪಾಸು ನಪಾಸು ಎಲ್ಲಿಂದ ಬಂತ್ರೀ?" ಎಂದಳು ಇಂದಿರೆ.

ನಾನು ಅವಳಿಗೆ ವೇದಾಂತ ಹೇಳಿದೆ. ಮಂಗನ ಮರಿ ತಾನೇ ತಾಯಿಯ ಹೊಟ್ಟೆಯನ್ನು ಬಿಗಿಯಾಗಿ ಅವುಚಿಕೊಳ್ಳುತ್ತದೆ. ಬೆಕ್ಕಿನ ಮರಿ ಸುಮ್ಮನೆ ಕೂತಿರುತ್ತದೆ, ತಾಯಿಯೇ ಬಂದು ಕಚ್ಚಿಕೊಂಡು ಒಯ್ಯುತ್ತದೆ. ಭಕ್ತರಲ್ಲಿ ಈ ಎರಡು ಪಂಗಡಗಳುಂಟೆಂದು ಹಿರಿಯರು ಬಹಳ ವಾದ ಮಾಡಿದ್ದಾರೆ. ಗುಂಡ ಎರಡನೆಯ ಪಂಗಡದವನು, ಮೋಕ್ಷಕ್ಕೆ ಅರ್ಹನಿರಬಹುದು, ಅಂಕಕ್ಕೆ ಅಲ್ಲ ಎಂದೆ. ಇದೇ ಪರೀಕ್ಷೆಯನ್ನು ಮುಧೋಳದ ನಾಯಿಗೆ ಕೊಟ್ಟಿದ್ದರೆ ನನ್ನನ್ನು ಮೆಚ್ಚಿಸಲಿಕ್ಕಾದರೂ ಅದು ದಾರ ಎಳೆಯುತ್ತಿತ್ತು. ಬೆಕ್ಕಿಗೆ ಮಾಸ್ತರನನ್ನು ಮೆಚ್ಚಿಸುವ ಹಂಗಿಲ್ಲ. ಇದನ್ನು ಆಗಲೇ ತಿಳಿದುಕೊಂಡಿದ್ದರೆ ಮುಂದಿನ ಫಜೀತಿ ತಪ್ಪುತ್ತಿತ್ತು.

ರಾಚಪ್ಪನ ಮಗಳನ್ನು ಮುಧೋಳಕ್ಕೆ ಕೊಟ್ಟಿತ್ತು. ಚೊಚ್ಚಲ ಬಸುರಿ. ತವರಿನವರು ಹಸಿರು ಸೀರೆ ಒಯ್ದು ಕುಬಸ, ಅಂದರೆ ಸೀಮಂತ, ಮಾಡಬೇಕು. ಜೀವಮಾನವೆಲ್ಲ ಪರರ ಮನೆಯ ಹೆಣ್ಣುಮಕ್ಕಳಿಗೆ ಸೀರೆ ನೇಯ್ದ ರಾಚಪ್ಪ, ಈ ಒಂದನ್ನು ಸ್ವಂತ ಮಗಳಿಗಾಗಿ ನೇಯಲು ಹೊರಟಿದ್ದ. ಮಗ್ಗದ ಮೇಲಿನ ಹಳೆಯ ಎಳೆಗಳ ತುದಿಗೆ ಹೊಸ ಹಸಿರು ಎಳೆಗಳನ್ನು ಒಂದೊಂದಾಗಿ ಕೂಡಿಸಬೇಕು. ಕಣ್ಣು ಸೋಲುವ ಕೆಲಸ. ಅರ್ಧ ಕೂಡಿಸಿ, ಉಳಿದ ತುದಿಗಳನ್ನು ಇಳಿಬಿಟ್ಟು ಅವನು ಉಣ್ಣಲು ಎದ್ದಿದ್ದ.

ನಾನು ಸಾಲೆಯಿಂದ ಬಂದಾಗ ಪಡಸಾಲೆಯಲ್ಲಿ ಎಳೆಗಳೆಲ್ಲ ಸಿಕ್ಕು ಸಿಕ್ಕಾಗಿ ಬಿದ್ದಿದ್ದವು. ಕುಣಿಯಲ್ಲಿ, ಆ ಹಸಿರು ಸಿಕ್ಕಿನ ಮೇಲೆ, ಗುಂಡ ಆರಾಮವಾಗಿ ಮಲಗಿದ್ದ.

"ನೋಡ್ರಿ ಮಾಸ್ತರ್ರ, ಹಾಲ ಹಾಕಿ ಸಾಕಿದ್ದಕ್ಕ ಇದು ಮಾಡಿದ ಉಪಕಾರ! ಕುಬಸಕ್ಕ ಇನ್ನ ಇಪ್ಪತ್ತ ದಿನ ಇಲ್ಲ" ಎಂದ ರಾಚಪ್ಪ.

ಮೂಲೆಯಲ್ಲಿ ಕಾಶಿ ಕೂತಿದ್ದಳು. ಮುಂಗಾಲಿನ ಉಗುರಿಗೆ ಒಂದು ಹಸಿರು ಎಳೆ ಸಿಕ್ಕಿಕೊಂಡಿತ್ತು. ನನ್ನನ್ನು ಕಂಡವಳೇ ಮಗ್ಗದ ಹಿಂದೆ ಹೋಗಿ ಹಣಿಕಿದಳು, ಬಟ್ಟಲು ಹುಡುಕಲು. ಇಷ್ಟು ಎಳೆ ಎಳೆದರೂ ಕೆನೆ ಯಾಕೆ ಬರಲಿಲ್ಲವೆಂದು ಕೇಳುವಂತೆ ನನ್ನತ್ತ ತಿರುಗಿದಳು.

ನಾನು ಬಾಯಿ ಬಿಡಬೇಕಾಗಿತ್ತು. ಬಿಡಲಿಲ್ಲ. ಖೋಲಿ ಬಿಡಿಸಿಯಾನೆಂಬ ಹೆದರಿಕೆ ಒಂದು. ಬೆಕ್ಕಿಗೆ ಸಾಲೆ ನಡೆಸಿದ ಮಾಸ್ತರ ಎಂದು ಊರೆಲ್ಲ ನಕ್ಕೀತೆಂಬ ಹೆದರಿಕೆ ಅದಕ್ಕಿಂತ ದೊಡ್ಡದು. ರಾಚಪ್ಪ ಗುಂಡನನ್ನು ಚೀಲದಲ್ಲಿ ಹಾಕಿ, ದಿಕ್ಕು ತಪ್ಪಲೆಂದು ಚೀಲವನ್ನು ಮೂರು ಸುತ್ತು ತಿರುವಿ, ಹಿಪ್ಪರಗಿಗೆ ಹೊರಟಿದ್ದ ಚಕ್ಕಡಿಯಲ್ಲಿ ಇಟ್ಟ. ಹೊಳೆಯ ದಂಡೆಗೆ ಬಿಟ್ಟು ಬರಲು ಹೇಳಿದ. ಚೀಲದೊಳಗಿಂದ ಒಂದು ಸದ್ದೂ ಬರಲಿಲ್ಲ. ಕೂಗಿದ್ದರೆ ನಾನು ಮಾತಾಡುತ್ತಿದ್ದೆನೇನೋ ಎಂದು ಈಗ ಹೇಳಿಕೊಳ್ಳುತ್ತೇನೆ.

ಆಮೇಲೆ ನನ್ನ ಗತಿ ಕೇಳಬೇಡಿ. ಕೂತರೆ ಏಳಬೇಕು, ಎದ್ದರೆ ಹೊರಗೆ ಹೋಗಬೇಕು, ಹೋದರೆ ಯಾಕೆ ಬಂದೆನೆಂದು ತಿರುಗಿ ಬರಬೇಕು. ಮಗ್ಗದ ಸದ್ದಿಲ್ಲದ ಮನೆ ಇರಿಯುತ್ತಿತ್ತು. ಜೊತೆಗೆ ಕಾಶಿ. ದಾರವೆಂದರೆ ಕೆನೆ ಎಂದು ಕಲಿತ ಆ ವಿದ್ಯಾವತಿ ನನ್ನ ಧೋತರದ ಅಂಚು ಬಿಡಲಿಲ್ಲ, ಸಂಧ್ಯಾವಂದನೆಗೆ ಕೂತರೆ ಜನಿವಾರ ಬಿಡಲಿಲ್ಲ. ರಾಚಪ್ಪ ಸಿಕ್ಕು ಬಿಡಿಸಿ, ಮತ್ತೆ ಎಳೆ ಕೂಡಿಸಿದ. ಐದಾರು ದಿನಕ್ಕೆ ಮತ್ತೊಂದು ಆಘಾತ: ಮುಂಜಾನೆ ನೋಡಿದರೆ ಗಂಜಿಯ ಎಳೆಗಳನ್ನು ಇಲಿಗಳು ಕಡಿದಿದ್ದವು. ಇಲಿಗಳು ಬರುತ್ತಿದ್ದದ್ದು ಕುಣಿಯ ಬಿಲದಿಂದ. ಗುಂಡ ಅಲ್ಲಿ ಮಲಗುತ್ತಿದ್ದದ್ದು ಸೋಮಾರಿತನಕ್ಕಲ್ಲ. ಕಾಶಿ ಬಟ್ಟಲಿಗಾಗಿ ಕಾಯುತ್ತಿದ್ದಳು. ಇಲಿಯ ಗೊಡವೆ ಅವಳಿಗೆ ಬೇಕಿರಲಿಲ್ಲ.

ಆ ದಿನ ಇಂದಿರೆ ತಾಟು ಇಟ್ಟವಳು ಅನ್ನ ಬಡಿಸಲಿಲ್ಲ. "ನಿಮಗ ಗೊತ್ತದ, ನನಗ ಗೊತ್ತದ, ಕಾಶಿಗೂ ಗೊತ್ತದ. ಏನೂ ಗೊತ್ತಿಲ್ಲದಾಂವ ಹೊಳೀ ದಂಡಿಗೆ ಹೋದ" ಎಂದಳು. ನಾನು ಎದ್ದು ಪಡಸಾಲೆಗೆ ಹೋದೆ.

"ರಾಚಪ್ಪ, ಎಳಿ ಎಳದದ್ದು ಗುಂಡ ಅಲ್ಲ, ಕಾಶಿ. ಎಳೀಲಿಕ್ಕೆ ಕಲಿಸಿದಾಂವ ನಾನು."

"ನೀವು ಖರೇನ ಬೆಕ್ಕಿಗೆ ಸಾಲಿ ಕಲಿಸಿದ್ರಿ?"

"ಹೌದು."

ಅವನು ನಗಲಿಲ್ಲ, ಬೈಯಲೂ ಇಲ್ಲ. ಗೂಟಕ್ಕಿದ್ದ ಚೀಲ ತೆಗೆದು ನನ್ನ ಕೈಗೆ ಕೊಟ್ಟ. "ನಡೀರಿ. ಚೀಲಾ ನೀವ ಹಿಡೀರಿ."

ಹಿಪ್ಪರಗಿಯ ದಂಡೆಯಲ್ಲಿ ಅಂಬಿಗರ ಮುದುಕಿಯ ಗುಡಿಸಲು. ಗುಂಡ ಅವಳ ಜೋಳದ ಚೀಲಗಳ ನಡುವೆ ಮಲಗಿದ್ದ. "ಭಾಳ ಶಾಣ್ಯಾ ಬೆಕ್ಕ ಐತ್ರಿ. ಬಂದಾಗಿಂದ ಒಂದ ಇಲಿ ಚೀಲದ ಸನೇಕ ಬಂದಿಲ್ಲ" ಎಂದಳು ಮುದುಕಿ. ಶಾಣ್ಯಾ, ಅಂದರೆ ಜಾಣ, ಎಂಬ ಮಾತು ಕೇಳಿ ನಾನು ನೆಲ ನೋಡಿದೆ. "ಬರೂದಿದ್ರ ಒಯ್ರಿ, ನಾ ಯಾಕ ಬ್ಯಾಡ ಅನ್ನಲಿ" ಎಂದೂ ಅಂದಳು.

ನಾನು ಚೀಲದ ಬಾಯಿ ತೆರೆದು, "ಬಾ ಗುಂಡಾ" ಎಂದೆ. ಗುಂಡ ಚೀಲ ನೋಡಲಿಲ್ಲ. ಹಿಂದೆ ದಾರದ ಮುಂದೆ ಕೂತು ನೋಡಿದಂತೆಯೇ ನನ್ನ ಮುಖವನ್ನು ಬಹಳ ಹೊತ್ತು ನೋಡಿದ. ಆಮೇಲೆ ಎದ್ದು ಮುದುಕಿಯ ಬೆನ್ನ ಹಿಂದೆ ಹೋಗಿ ಕೂತ. ನಾನು ಕೊಟ್ಟ ಪರೀಕ್ಷೆಗಳಲ್ಲಿ ಅವನು ತಪ್ಪಿಲ್ಲದೆ ಉತ್ತರಿಸಿದ್ದು ಅದೊಂದೇ. ನಾನು ಖಾಲಿ ಚೀಲ ಮಡಚಿದೆ. ರಾಚಪ್ಪ, "ಇರಲಿ ಬಿಡ್ರಿ, ಅಂವಗ ಛಲೋ ಮನಿ ಸಿಕ್ಕೈತಿ" ಎಂದ.

ಸೀರೆಗೆ ಕಾವಲು ಬೇಕಲ್ಲ. ಆ ನೌಕರಿಗೆ ನಾನೇ ಸೇರಿದೆ. ಸಾಲೆ ಬಿಟ್ಟವನೇ ಕುಣಿಯ ಪಕ್ಕದಲ್ಲಿ ಕೋಲು ಹಿಡಿದು ಕೂಡುವುದು; ರಾತ್ರಿ ಹಾಸಿಗೆಯೂ ಅಲ್ಲಿಯೇ. ಇಂದಿರೆ ಅಲ್ಲಿಗೇ ತಾಟು ತಂದಿಡುತ್ತಿದ್ದಳು. ಮೊಣಕಾಲು ಅಲುಗಿದರೆ ಎಳೆ ಅಲುಗುತ್ತದೆಂದು ರಾಚಪ್ಪ ಗದರಿಸುತ್ತಿದ್ದ. ಹುಟ್ಟಿದಾಗಿನಿಂದ ನಾನು ಒಂದೇ ಕಡೆ ಅಷ್ಟು ದಿನ ಕೂತದ್ದಿಲ್ಲ. ಕುಬಸದ ಹಿಂದಿನ ದಿನ ಹಸಿರು ಸೀರೆ ಮಗ್ಗದಿಂದ ಇಳಿಯಿತು. ಅಂಚಿನಲ್ಲಿ ನಾಲ್ಕು ಕಡೆ, ಇಲಿ ಕಡಿದ ಎಳೆಗೆ ರಾಚಪ್ಪ ಗಂಟು ಹಾಕಿದ ಗುರುತು.

ಮುಧೋಳದ ಬಸ್ಸಿಗೆ ಹೊರಟ ರಾಚಪ್ಪ ಹೊಸ್ತಿಲಲ್ಲಿ ನಿಂತು ನನ್ನನ್ನು ನೋಡಿದ.

"ಅಡ್ಡಿ ಇಲ್ಲ ಮಾಸ್ತರ್ರ, ಕಾದ್ರಿ. ಆದ್ರ ಒಂದ ಮಾತ. ಗುಂಡ ಮಲಗಿದ್ರೂ ಇಲಿ ಬರತಿರಲಿಲ್ಲ. ನೀವು ಎಚ್ಚರಿದ್ದಾಗೂ ನಾಕ ಬಂದು ಹೋದ್ವು."

ಅವನು ಹೋದ ಮೇಲೆ ಹಾಜರಿ ಪುಸ್ತಕ ತೆಗೆದು, ಗುಂಡನ ಹೆಸರಿನ ಕೆಳಗೆ ನನ್ನ ಹೆಸರು ಬರೆದೆ. ಅಂಕ ಹಾಕಲು ಪುಸ್ತಕವನ್ನು ಇಂದಿರೆಯ ಕೈಗೆ ಕೊಟ್ಟೆ. ಅವಳು ಅದನ್ನು ಓದಿ, ಮಡಚಿ, ಹಾಲಿನ ಗಡಿಗೆಯ ಮೇಲೆ ಮುಚ್ಚಳ ಮಾಡಿ ಇಟ್ಟಳು. ಅದಕ್ಕೆ ದಾರ ಕಟ್ಟಿರಲಿಲ್ಲವಾದ್ದರಿಂದ ಕಾಶಿಗೆ ತೆಗೆಯಲು ಬರಲಿಲ್ಲ.