ಪಚ್ಚಕರ್ಪೂರದ ಹಾವುಮೀನು

ಮಂಡಿಪೇಟೆಯಲ್ಲಿ ನನ್ನ ಗ್ರಂಧಿಗೆ ಅಂಗಡಿಗೂ ಮಕ್ತುಮ್ ಸಾಬರ ಒಣಮೀನಿನ ಅಂಗಡಿಗೂ ನಡುವೆ ಒಂದೇ ಗೋಡೆ. ಈ ಕಡೆ ಊದಿನಕಡ್ಡಿ, ವಿಭೂತಿ, ಪಚ್ಚಕರ್ಪೂರ. ಆ ಕಡೆ ಬಂಗಡೆ, ಸೀಗಡಿ, ನಂಗು. ಹೀಗೆ ಅಂಗಡಿ ಕಟ್ಟಿಸಿ ಬಾಡಿಗೆಗೆ ಕೊಟ್ಟ ಪುಣ್ಯಾತ್ಮನಿಗೆ ಮೂಗೇ ಇರಲಿಲ್ಲವೆಂದು ಕಾಣುತ್ತದೆ. ನಾನು ಹುಟ್ಟಿದಾಗಿನಿಂದ ಮೀನು ಮುಟ್ಟಿದವನಲ್ಲ. ಆದರೂ ಮೂಗಿಗೆ ಪಂಚೆಯ ಚುಂಗು ಹಿಡಿದುಕೊಂಡೇ ಆ ಮನುಷ್ಯನ ಸ್ನೇಹಿತನಾದೆ. ಮಾತಿನ ಚಟ ಇಬ್ಬರಿಗೂ ಇತ್ತು, ಗಿರಾಕಿ ಇಬ್ಬರಿಗೂ ಕಡಿಮೆ.

ಸಾಬರ ಮನೆ ಹರಿಹರದಲ್ಲಿ. ದಿನಾ ರೈಲಿನಲ್ಲಿ ಬಂದು ಹೋಗುವರು. ಎಷ್ಟೇ ನೂಕುನುಗ್ಗಲಿದ್ದರೂ ಅವರು ಹತ್ತಿದರೆ ಒಂದು ಬೆಂಚು ತಾನಾಗಿಯೇ ಖಾಲಿಯಾಗುತ್ತಿತ್ತು. ಅದು ಜನ ತಮಗೆ ಕೊಡುವ ಮರ್ಯಾದೆ ಎಂದೇ ಅವರು ನಂಬಿದ್ದರು. ನಾನೂ ಆ ನಂಬಿಕೆ ಕೆಡಿಸಲಿಲ್ಲ.

ಈ ಮನುಷ್ಯ ಸಮುದ್ರವನ್ನೇ ನೋಡಿದವರಲ್ಲ. ಆದರೆ ಸಮುದ್ರದಲ್ಲಿ ಇದುವರೆಗೆ ಯಾರೂ ಕಾಣದ ಮೀನೊಂದನ್ನು ತಾವು ಕಂಡುಹಿಡಿಯಬೇಕೆಂಬ ಹುಚ್ಚು ಅವರಿಗೆ. "ಸಮುದ್ರಕ್ಕೆ ಯಾಕ ಹೋಗ್ಬೇಕ್ರಿ ಮುರುಗೇಶಪ್ಪನೋರೆ? ಸಮುದ್ರನೇ ಗೋಣಿಚೀಲದಾಗ ನಮ್ ಬಾಗಿಲಿಗೆ ಬರ್ತೈತೆ" ಎನ್ನುವರು. ಕರಾವಳಿಯಿಂದ ಲಾರಿ ಬಂದ ದಿನ ಚೀಲ ಸುರುವಿ, ಒಂದೊಂದೇ ಮೀನನ್ನು ಮೂಸಿ, ಕಿವಿ ತಿರುವಿ, ಬೆನ್ನು ತಟ್ಟಿ ನೋಡುವರು. ಹೆಣ್ಣು ನೋಡಲು ಬಂದವರು ಕೂಡ ಅಷ್ಟು ನೋಡುವುದಿಲ್ಲ. ಒಮ್ಮೆ ಹೊಸ ಜಾತಿಯೆಂದು ಒಂದು ಮೀನನ್ನು ಕರಾವಳಿಯ ಮೀನಿನ ಆಫೀಸಿಗೆ ಟಪಾಲಿನಲ್ಲಿ ಕಳಿಸಿದರು. ಅದು ಬಂಗಡೆಯೇ, ಒಣಗುವಾಗ ಸೊಟ್ಟಗಾಗಿದೆ ಎಂದು ಉತ್ತರ ಬಂತು. ಇನ್ನೊಮ್ಮೆ ಎರಡು ತಲೆಯ ಮೀನು ಕಳಿಸಿದರು. ಇವು ಎರಡು ಮೀನು, ಉಪ್ಪಿಗೆ ಅಂಟಿಕೊಂಡಿವೆ, ದಯವಿಟ್ಟು ಇನ್ನು ಕಳಿಸಬೇಡಿ ಎಂದು ಬಂತು.

ಹುಚ್ಚಿಗೊಂದು ಕಾರಣವಿತ್ತು. ಹೊಸ ಮೀನಿಗೆ ಮನುಷ್ಯರ ಹೆಸರು ಇಡುವ ಪದ್ಧತಿಯುಂಟೆಂದು ಅವರಿಗೆ ಯಾರೋ ಹೇಳಿದ್ದರು. ಸಾಬರಿಗೆ ಮಕ್ಕಳಿಲ್ಲ. ಹೆಂಡತಿ ಅಖ್ತರ್ ಬಾನುವನ್ನು ಊರೆಲ್ಲ "ಮೀನ್ ಸಾಬರ ಮನೆಯೋರು" ಅನ್ನುವುದೇ ಹೊರತು ಹೆಸರು ಹಿಡಿದು ಕರೆದವರಿಲ್ಲ. ಒಂದು ದಿನ ಸಾಬರು ದನಿ ತಗ್ಗಿಸಿ ಹೇಳಿದರು: "ನಾವ್ ಹೋದಮ್ಯಾಲೆ ಆಕಿ ಹೆಸರು ಹೇಳೋರು ಯಾರ್ರೀ? ಒಂದು ಮೀನಾದ್ರೂ ಹೇಳ್ಲಿ. ಆಕಿಗೆ ಮಾತ್ರ ಹೇಳ್ಬ್ಯಾಡ್ರಿ, ಆದ್ಮ್ಯಾಲೆ ನಾನೇ ಹೇಳ್ತೀನಿ." ನನಗೆ ನಗು ಬರಬೇಕಿತ್ತು, ಬರಲಿಲ್ಲ.

ಅರವತ್ತೊಂದನೆಯ ಇಸವಿಯ ಬೇಸಗೆಯಲ್ಲಿ ಆ ಹಾವುಮೀನು ಬಂತು. ತೋಳಿಗಿಂತ ಉದ್ದ, ಮೈಮೇಲೆ ರಂಗೋಲಿ ಚುಕ್ಕಿ, ಬಾಯಿ ತುಂಬ ಹಲ್ಲು. ಪೇಟೆಯಲ್ಲಿ ಮೀನು ತಿನ್ನುವ ಯಾರಿಗೂ ಅದರ ಗುರುತು ಸಿಗಲಿಲ್ಲ. ಸಾಬರು ಬೆಂಗಳೂರಿನ ಪ್ರಾಣಿಶಾಸ್ತ್ರದ ಪ್ರೊಫೆಸರೊಬ್ಬರಿಗೆ ಬರೆಸಿದರು. ಪರೀಕ್ಷೆಯ ಕೆಲಸಕ್ಕೆ ಧಾರವಾಡಕ್ಕೆ ಹೋಗುವಾಗ ಹರಿಹರದಲ್ಲಿಳಿದು ನೋಡುತ್ತೇನೆ, ತಲೆ ಮತ್ತು ಹಲ್ಲು ಜೋಪಾನ, ಗುರುತು ಅದರಲ್ಲೇ ಇರುತ್ತದೆ ಎಂದು ಆತ ಉತ್ತರಿಸಿದರು.

ಅಲ್ಲಿಯವರೆಗೆ ಮೀನನ್ನು ಇಡುವುದೆಲ್ಲಿ? ಸಾಬರ ಅಂಗಡಿಗೆ ಪೇಟೆಯ ಬೆಕ್ಕುಗಳೆಲ್ಲ ಹಾಜರಿ ಹಾಕುತ್ತಿದ್ದವು. "ನಿಮ್ ಅಂಗಡ್ಯಾಗ ಬೆಕ್ಕಿಗೇನು ಕೆಲಸ ಐತೆ ಹೇಳ್ರಿ?" ಎಂದು ಸಾಬರು ನನ್ನ ಕೈ ಹಿಡಿದುಕೊಂಡರು. ಹೀಗೆ ಆ ಪ್ರಾಣಿ ಬಿಳಿ ಬಟ್ಟೆ ಸುತ್ತಿಕೊಂಡು ನನ್ನ ಪಚ್ಚಕರ್ಪೂರದ ಡಬ್ಬಿಗಳ ನಡುವೆ ಬೇಸಗೆಯೆಲ್ಲ ಮಲಗಿತು. ವಿಭೂತಿ ಕೊಳ್ಳಲು ಬಂದವರು ಅದನ್ನು ಯಾವುದೋ ಮಠಕ್ಕೆ ಹೋಗುವ ಸಾಮಾನೆಂದು ಭಾವಿಸಿ ಕೈಮುಗಿದದ್ದೂ ಉಂಟು. ನಾನು ಬಾಯಿ ಬಿಡಲಿಲ್ಲ, ಬಿಟ್ಟಿದ್ದರೆ ಅಂಗಡಿ ಮುಚ್ಚಬೇಕಾಗುತ್ತಿತ್ತು.

ಪ್ರೊಫೆಸರು ಬರುವ ಹಿಂದಿನ ಸಂಜೆ ಸಾಬರು ಅದನ್ನು ಮನೆಗೆ ಒಯ್ದರು. ಬೆಳಿಗ್ಗೆ ಹೆಂಡತಿ ನೀರಿಗೆ ಹೋದಾಗ ಬಟ್ಟೆ ಬಿಚ್ಚಿ, ಹುಳ ಬೀಳದಿರಲೆಂದು ಒಲೆಯ ಮೇಲಿನ ಕೊಕ್ಕೆಗೆ ತೂಗುಹಾಕಿ ಸ್ಟೇಷನ್ನಿಗೆ ಓಡಿದರು. ಆ ಮನೆಯಲ್ಲಿ ಒಲೆಯ ಮೇಲೆ ತೂಗಿದ ಮೀನು ಬೇಯುವುದಕ್ಕೆ ಇರುತ್ತದೆ. ನೋಡುವುದಕ್ಕೆಂದು ಮೀನು ಇಟ್ಟ ಚರಿತ್ರೆಯೇ ಅಲ್ಲಿಲ್ಲ. ಈ ಸರಳ ಸಂಗತಿ ಸಾಬರಿಗೆ ಹೊಳೆಯಲಿಲ್ಲ.

ನಾನೂ ಹೋಗಿದ್ದೆ, ಮೀನು ಎಲ್ಲಿತ್ತು ಹೇಗಿತ್ತು ಎಂದು ಹೇಳಲು. ನನಗೆ ಮೂಲೆಯಲ್ಲಿ ಬೇರೆ ಚಾಪೆ ಹಾಕಿ ಬಾಳೆಹಣ್ಣು, ಹಾಲು ಇಟ್ಟರು. ಪ್ರೊಫೆಸರು ಭೂತಗನ್ನಡಿ ತೆಗೆದರು. ಸಾಬರು ತಡೆದರು. ಬಂದವರು ಉಣ್ಣದೆ ಕೆಲಸಕ್ಕೆ ಕೈಹಾಕುವಂತಿಲ್ಲ, ಅದು ಮನೆಯ ರಿವಾಜು. ಪ್ರೊಫೆಸರಿಗೂ ಹಸಿವಿತ್ತು. ಅಖ್ತರ್ ಬಾನು ಪರದೆಯ ಆಚೆಯಿಂದ ತಟ್ಟೆಗಳನ್ನು ಸರಿಸಿದರು. ಅನ್ನ, ಕೆಂಪಗೆ ಕುದಿದ ಮೀನಿನ ಸಾರು. ದೊಡ್ಡ ಅತಿಥಿಗೆ ಮೀನಿನ ತಲೆ ಬಡಿಸಬೇಕೆಂಬುದೂ ರಿವಾಜೇ.

ಸಾಬರು ಒಂದು ತುತ್ತು ತಿಂದು ಕಣ್ಣರಳಿಸಿದರು. "ಪ್ರೊಫೆಸರ್ ಸಾಹೇಬ್ರೆ! ಇಂಥ ಮೀನು ನನ್ ಜಲ್ಮದಾಗ ತಿಂದಿಲ್ಲ. ಇದೂ ಹೊಸ ಜಾತಿನೇ ಇದ್ದಂಗೈತೆ!"

"ಏನೋ ಪರಿಮಳ ಇದೆ ಇದರಲ್ಲಿ" ಎಂದು ಪ್ರೊಫೆಸರು ತಲೆಯನ್ನು ಕಟಕಟನೆ ಕಡಿದರು.

ಪರಿಮಳ ಆ ಹೊತ್ತಿಗೆ ನನ್ನ ಮೂಲೆಗೂ ಬಂದಿತ್ತು. ಮೀನಿನ ವಾಸನೆಯಲ್ಲಿ ನನಗೇನೂ ತಿಳಿಯದು. ಆದರೆ ನನ್ನ ಅಂಗಡಿಯ ಪಚ್ಚಕರ್ಪೂರವನ್ನು ನಿದ್ದೆಯಲ್ಲೂ ಗುರುತು ಹಿಡಿಯುತ್ತೇನೆ. ಹಾಲಿನ ಲೋಟ ಕೈಜಾರಿತು. "ಸಾಬ್ರೆ, ತಿನ್ಬ್ಯಾಡ್ರಿ! ಅದೇ ಇದು! ನಮ್ ಅಂಗಡ್ಯಾಗಿದ್ದದ್ದು!" ಎಂದು ಕೂಗಿದೆ.

ಸಾಬರು ಅಡಿಗೆಮನೆಗೆ ಓಡಿದರು. ಕೊಕ್ಕೆ ಖಾಲಿ ಇತ್ತು. ಪ್ರೊಫೆಸರ ಬಾಯಿ ಅಲ್ಲಾಡುವುದನ್ನು ನಿಲ್ಲಿಸಿತು. ನುಂಗುವುದೋ ಉಗುಳುವುದೋ ಎಂದು ವಿಜ್ಞಾನ ಸ್ವಲ್ಪ ಹೊತ್ತು ಯೋಚಿಸಿತು, ಹಸಿವು ನುಂಗಿತು. ಆಮೇಲೆ ಆತ ತಟ್ಟೆಯ ಮುಳ್ಳುಗಳನ್ನು ಜೋಡಿಸಿ ನೋಡಿದರು. ಪಕ್ಕದ ಮನೆಯ ಶಹಜಾದಿಗೆ ಒಂದು ಬಟ್ಟಲು ಹೋಗಿತ್ತು, ಅಲ್ಲಿಯ ಮುಳ್ಳು ತರಿಸಿದರು. ಏನೂ ಹೊಂದಲಿಲ್ಲ.

ಕೊನೆಗೆ ಎಲ್ಲರೂ ನನ್ನ ಕಡೆ ತಿರುಗಿದರು. ಮೀನನ್ನು ಬೇಸಗೆಯೆಲ್ಲ ಇಟ್ಟುಕೊಂಡವನು, ತಿನ್ನದೆ ಉಳಿದವನು ನಾನೊಬ್ಬನೇ.

"ಹಲ್ಲು ಎಷ್ಟು ಸಾಲಿದ್ದವು, ನೆನಪು ಮಾಡಿಕೊಳ್ಳಿ" ಎಂದರು ಪ್ರೊಫೆಸರು.

"ಹಲ್ಲಿದ್ವು, ಅಷ್ಟು ಗೊತ್ರೀ. ನಾನು ಮುಖ ಆ ಕಡೆ ಮಾಡ್ಕೊಂಡಿರ್ತಿದ್ದೆ."

ಆತ ಭೂತಗನ್ನಡಿ ಜೇಬಿಗಿಟ್ಟರು. ರೈಲು ಹತ್ತುವಾಗ, "ಹೊಸದೋ ಹಳೆಯದೋ ಹೇಳಲಾರೆ, ರುಚಿಯಂತೂ ಶಾಸ್ತ್ರದಲ್ಲಿಲ್ಲ" ಎಂದು ಹೇಳಿ ಹೋದರು.

ಅಖ್ತರ್ ಬಾನು ಬಾಗಿಲ ಬಳಿ ಬಂದು ನಿಂತಿದ್ದರು. ಅತಿಥಿಗೆ ಚೆನ್ನಾಗಿ ಉಣ್ಣಿಸಿದ್ದರಲ್ಲಿ ತಪ್ಪೇನಾಯಿತೆಂದು ಅವರಿಗೆ ತಿಳಿದಿರಲಿಲ್ಲ. ಸಾಬರು ನೆಲ ನೋಡುತ್ತ ಎಲ್ಲವನ್ನೂ ಹೇಳಿದರು. ಆಕೆ ಸೆರಗಿನಿಂದ ಕಣ್ಣೊರಸಿಕೊಂಡು ನನ್ನತ್ತ ತಿರುಗಿದರು. "ನೋಡ್ರಿ ಅಣ್ಣಾರ, ಇವ್ರು ನನಗ ಹೇಳಿದ್ರೆ ಏನಾಗ್ತಿತ್ತು? ನನ್ ಹೆಸರಿನ ಮೀನಿಗೆ ನಾನೇ ಖಾರ ಅರೆದೆ."

ಸಾಬರು ಆ ಮೇಲೆ ಪ್ರತಿ ಚೀಲದಲ್ಲೂ ಅದರ ಜೋಡಿಯನ್ನು ಹುಡುಕಿದರು. ಮತ್ತೆ ಬರಲಿಲ್ಲ. ಆದರೆ ಶಹಜಾದಿ ಆ ಬಟ್ಟಲನ್ನು ಮರೆಯಲಿಲ್ಲ. ಏನು ಹಾಕಿದ್ದಿರೆಂದು ಕೇಳಿ, ಬೇರೆ ಮೀನಿಗೇ ಚಿಟಿಕೆ ಪಚ್ಚಕರ್ಪೂರ ಹಾಕಿ ತಾನೂ ಮಾಡಿದಳು, ಅವಳಿಂದ ಅವಳ ತಂಗಿ, ತಂಗಿಯಿಂದ ಮಲೆಬೆನ್ನೂರಿನ ಬೀಗರು. ಸಾಬರು ಮಾತ್ರ ಒಣಗುತ್ತ ಹೋದರು. ತಮ್ಮಿಂದಲೇ ಹೆಂಡತಿಯ ಹೆಸರು ಉಳಿಯದೆ ಹೋಯಿತೆಂದು ಕೊರಗುತ್ತಿದ್ದರು.

ಒಂದು ಮಧ್ಯಾಹ್ನ ಅವರು ನನ್ನ ಕಟ್ಟೆಯ ಮೇಲೆ ಕೂತಿದ್ದಾಗ ಯಾರೋ ಅಪರಿಚಿತ ಹೆಂಗಸು ಬಂದು ಕೇಳಿದಳು: "ಅಣ್ಣಾ, ಒಂದಿಷ್ಟು ಪಚ್ಚಕರ್ಪೂರ ಕೊಡ್ರಿ. ಮನೆಗೆ ನೆಂಟ್ರು ಬಂದಾರ, ಅಖ್ತರ್ ಬಾನು ಮಾಡ್ಬೇಕು."

ನಾನು ಡಬ್ಬಿ ತೆರೆದವನು ಹಾಗೇ ನಿಂತೆ. ಸಾಬರು ತಲೆಯೆತ್ತಿ, "ಏನಂದ್ರಿ ತಾಯಿ? ಏನ್ ಮಾಡ್ಬೇಕು?" ಎಂದರು.

"ಅಖ್ತರ್ ಬಾನು, ಸಾರು. ಗೊತ್ತಿಲ್ವಾ?"

"ಗೊತ್ತಿಲ್ಲ" ಎಂದರು ಸಾಬರು. "ಇನ್ನೊಂದ್ಸಲ ಹೇಳ್ರಿ."