ಚಿನ್ನದ ಅಂಗಡಿಗೆ ಕೋತಿ ಕೋವಿ

ಓಬುಳೇಶನಿಗೆ ಸಿಟ್ಟು ಮೂಗಿನ ತುದಿಯಲ್ಲೇ. ಹುಟ್ಟುವಾಗಲೇ ಮುಷ್ಟಿ ಬಿಗಿ ಹಿಡಿದು ಬಂದ ಕೂಸು ಎಂದು ಅವನ ತಾಯಿ ನಾರಮ್ಮ ಕಂಡಕಂಡವರಿಗೆಲ್ಲ ಹೇಳಿಕೊಂಡು ನಗುತ್ತಿದ್ದಳು. ಇಂಥ ಮನುಷ್ಯ ಆಂಧ್ರದ ಹಿಂದೂಪುರದ ಒಂದು ಚಿನ್ನದ ಅಂಗಡಿಯ ಬಾಗಿಲಲ್ಲಿ ಜೋಡುನಳಿಗೆ ಕೋವಿ ಹಿಡಿದು ವರ್ಷಗಟ್ಟಲೆ ಕೂತ, ಒಮ್ಮೆಯೂ ಅದನ್ನು ಯಾರ ಮೇಲೂ ಎತ್ತಲಿಲ್ಲ. ಮನೆಯಲ್ಲಿ ತಟ್ಟೆ ಎಸೆದಿದ್ದಾನೆ, ಬಸ್ಸಿನಲ್ಲಿ ಕಂಡಕ್ಟರನ ಕಾಲರ್ ಹಿಡಿದಿದ್ದಾನೆ, ಕಡಿಮೆ ತೂಗಿದ ರೇಷನ್ ಅಂಗಡಿಯವನ ತಕ್ಕಡಿ ತಂದು ಬೀದಿಗೆ ಒಗೆದಿದ್ದಾನೆ. ಕೋವಿ ಕೈಗೆ ಬಂದರೆ ಮಾತ್ರ ತಣ್ಣಗಾಗಿಬಿಡುತ್ತಿದ್ದ.

ಆ ಬುದ್ಧಿ ಕಲಿಸಿದವನು ಕಲ್ಯಾಣದುರ್ಗದಲ್ಲಿ ಕೋವಿ ಅಂಗಡಿ ಇಟ್ಟಿದ್ದ ನರಸಪ್ಪ. ಅಂಗಡಿ ಎಂದರೆ ಎಂಥದ್ದು, ಎರಡು ಕಬ್ಬಿಣದ ಬೀರು, ಒಂದು ಬೆಂಚು, ಗೋಡೆಗೆ ಸರಪಳಿ ಬಿಗಿದು ನಿಲ್ಲಿಸಿದ ನಾಲ್ಕಾರು ಕೋವಿ. ಕಂಬದೂರಿನ ಪಕ್ಕದ ಹಳ್ಳಿಯಿಂದ ಓಬುಳೇಶ ಲೈಸೆನ್ಸ್ ಹಿಡಿದುಕೊಂಡು ಅಲ್ಲಿಗೆ ಹೋದಾಗ ನರಸಪ್ಪ ಲೈಸೆನ್ಸ್ ನೋಡಿ ಸುಮ್ಮನಾಗಲಿಲ್ಲ. ನಿಮ್ಮಪ್ಪ ಯಾರು ಅಂದ, ಕುಡೀತೀಯಾ ಅಂದ, ಹೆಂಡ್ತಿ ಮೇಲೆ ಕೈ ಮಾಡ್ತೀಯಾ ಅಂತಲೂ ಕೇಳಿದ. ಓಬುಳೇಶನಿಗೆ ಮೈಯೆಲ್ಲ ಉರಿಯಿತು. "ಅದೆಲ್ಲ ನಿಮಗ್ಯಾಕ್ ಬೇಕು? ಕಾಗದ ಸರಿ ಐತಲ್ಲ, ಕೋವಿ ಕೊಡಿ" ಎಂದು ಬೆಂಚು ಗುದ್ದಿದ. ನರಸಪ್ಪ ನಿಧಾನವಾಗಿ ಬೀರುವಿಗೆ ಬೀಗ ಹಾಕಿದ. "ಕೋಪ ಬಂದಿರೋನಿಗೆ ನಾನು ಕೋವಿ ಮಾರಾಕಿಲ್ಲ ಕಣಪ್ಪ. ಊರಿಗೋಗಿ ಉಂಡು ಮಲಗಿ, ತಣ್ಣಗಾದ್ಮೇಲೆ ಬಾ" ಎಂದ. ಎರಡನೇ ಸಲವೂ ಅದೇ ಪಾಡು. ಆಮೇಲೊಂದು ದಿನ ಬಾಯಿ ಮುಚ್ಚಿಕೊಂಡು ಬೆಂಚಿನ ಮೇಲೆ ಕೂತಿದ್ದವನನ್ನು ನೋಡಿ ನರಸಪ್ಪ ತಾನಾಗಿಯೇ ಕೋವಿ ಇಳಿಸಿ, ಅವನ ಹೆಗಲಿಗೆ ಒತ್ತಿ ನೋಡಿ, ಟೀ ತರಿಸಿ ಕೊಟ್ಟ.

ಆ ಕೋವಿಯಿಂದಲೇ ಓಬುಳೇಶನಿಗೆ ಹಿಂದೂಪುರದ ಕೆಲಸ ಸಿಕ್ಕಿತು. ಜನ ಅವನನ್ನು ಗನ್‌ಮ್ಯಾನ್ ಎಂದರು. ಹಳೇ ಶೆಟ್ಟರು ಇದ್ದಾಗ ಆ ಅಂಗಡಿಯಲ್ಲಿ ಒಂದು ಪದ್ಧತಿ ಇತ್ತು. ಮದುವೆಯ ಒಡವೆ ಕೊಂಡವರನ್ನು ಗನ್‌ಮ್ಯಾನ್ ಬಸ್‌ಸ್ಟ್ಯಾಂಡಿನ ತನಕ ನಡೆಸಿಕೊಂಡು ಹೋಗಿ, ಬಸ್ಸು ಹತ್ತಿಸಿ, ಬಸ್ಸು ಹೊರಟ ಮೇಲೆ ತಿರುಗಿ ಬರಬೇಕು. ಗೋರಂಟ್ಲದವರು, ಕೊಡಿಕೊಂಡದವರು, ಮಡಕಶಿರಾ ಕಡೆಯವರು ಆ ಅಂಗಡಿಗೇ ಹುಡುಕಿಕೊಂಡು ಬರುತ್ತಿದ್ದುದು ಇದರ ಸಲುವಾಗಿ. ಸೆರಗಿನಲ್ಲಿ ಡಬ್ಬಿ ಮುಚ್ಚಿಕೊಂಡ ಹೆಂಗಸರು ಮುಂದೆ, ಓಬುಳೇಶ ಹಿಂದೆ. ಆ ಹೊತ್ತು ಅವನ ನಡಿಗೆ ನೋಡಬೇಕಿತ್ತು!

ಶೆಟ್ಟರು ಹಾಸಿಗೆ ಹಿಡಿದ ಮೇಲೆ ಅಳಿಯ ಮುರಳಿಕೃಷ್ಣ ಗಲ್ಲಾಪೆಟ್ಟಿಗೆಯ ಮುಂದೆ ಕೂತ. ಕೆಟ್ಟವನೇನಲ್ಲ, ಕಣ್ಣಿಗೆ ಕಂಡದ್ದೇ ನಿಜ ಎನ್ನುವ ಜಾತಿ. ಬಂದವನೇ ಗಾಜು ಹಾಕಿಸಿದ, ಲೈಟು ಹಾಕಿಸಿದ, ಓಬುಳೇಶನಿಗೆ ಭುಜದ ಮೇಲೆ ಚಿನ್ನದ ಬಣ್ಣದ ದಾರ ಇಳಿಬಿದ್ದ ಯೂನಿಫಾರಂ ಹೊಲಿಸಿದ. ಬ್ಯಾಂಡಿನವನ ಹಾಗಿದೆ ಎಂದು ಓಬುಳೇಶ ಬೈದುಕೊಂಡೇ ತೊಟ್ಟ.

ಅಷ್ಟರಲ್ಲಿ ಎಲೆಕ್ಷನ್ ಬಂತು. ಎಲೆಕ್ಷನ್ ಬಂದರೆ ಲೈಸೆನ್ಸಿನ ಕೋವಿಗಳೆಲ್ಲ ಪೊಲೀಸ್ ಸ್ಟೇಷನ್ನಿಗೆ ಹೋಗಬೇಕು, ಓಟೆಲ್ಲ ಎಣಿಸಿ ಮುಗಿದ ಮೇಲೇ ವಾಪಸ್ಸು. ಓಬುಳೇಶ ಎಂದಿನಂತೆ ಎಣ್ಣೆ ಹಚ್ಚಿ, ಬಟ್ಟೆ ಸುತ್ತಿ ಕೊಟ್ಟು ಬಂದ. ಹಿಂದೆಲ್ಲ ಶೆಟ್ಟರು ಆ ದಿನಗಳಲ್ಲಿ ಕತ್ತಲಾಗುವ ಮುಂಚೆಯೇ ಅಂಗಡಿ ಮುಚ್ಚುತ್ತಿದ್ದರು, ಮದುವೆಯವರಿಗೆ "ಎಲೆಕ್ಷನ್ ಕಳೀಲಿ, ಆಮೇಲೆ ಒಡವೆ ಒಯ್ಯಿರಿ" ಎನ್ನುತ್ತಿದ್ದರು. ಈ ಸಲ ಎಲೆಕ್ಷನ್ ಮುಗಿಯುವ ಮುಂಚೆಯೇ ಅಕ್ಷಯ ತದಿಗೆ ಬಿದ್ದಿತ್ತು. ವರ್ಷದ ವ್ಯಾಪಾರವೆಲ್ಲ ಒಂದೇ ದಿನ ಆಗುವ ಹಬ್ಬ. ಬಾಗಿಲಲ್ಲಿ ಬರಿಗೈಯ ಗನ್‌ಮ್ಯಾನ್ ನಿಂತರೆ ಹೇಗೆ?

"ಓಬುಳೇಶ್, ಕಾರ್ ಹತ್ತು. ಗನ್ ತರೋಣ" ಎಂದ ಮುರಳಿಕೃಷ್ಣ.

"ಎಲ್ಲಿಂದ ಸಾರ್? ಇವಾಗ ಯಾರೂ ಕೊಡಂಗಿಲ್ಲ."

"ಸ್ಪೋರ್ಟ್ಸ್ ಶೋರೂಮಲ್ಲಿ ಸಿಗುತ್ತಪ್ಪ. ಲೈಸೆನ್ಸೂ ಬೇಡ, ಸ್ಟೇಷನ್ನೂ ಬೇಡ."

ಮೊದಲು ಹೋದದ್ದು ಊರಲ್ಲೇ ಹೊಸದಾಗಿ ತೆರೆದಿದ್ದ ಒಂದು ದೊಡ್ಡ ಶೋರೂಮಿಗೆ. ಊರೂರಲ್ಲೂ ಅದರ ಅಂಗಡಿಗಳಿವೆಯಂತೆ. ಸೈಕಲ್ಲು, ಕ್ರಿಕೆಟ್ ಬ್ಯಾಟು, ಈಜುಡುಗೆ ದಾಟಿ ಹೋದರೆ ಮೂಲೆಯಲ್ಲಿ, ಷಟಲ್ ರ‍್ಯಾಕೆಟ್ಟುಗಳ ಪಕ್ಕ, ಏರ್‌ಗನ್ನುಗಳು ನೇತಾಡುತ್ತಿದ್ದವು. ಗಾಳಿಯ ಒತ್ತಡಕ್ಕೆ ಜೋಳದಷ್ಟು ಸೀಸದ ಚೂರು ಹಾರಿಸುವ ಕೋವಿ. ತನುಜಾ ಎಂಬ ಸೇಲ್ಸ್ ಹುಡುಗಿ ಓಡಿ ಬಂದು, "ಏಂ ಕಾವಾಲಿ ಸಾರ್? ಕೋತಿ ಓಡಿಸೋಕಾ, ಟಾರ್ಗೆಟ್ ಪ್ರಾಕ್ಟೀಸಿಗಾ?" ಎಂದಳು. ಮುರಳಿಕೃಷ್ಣ ಒಂದನ್ನು ತೆಗೆದು ಓಬುಳೇಶನ ಕೈಗಿತ್ತು, ಬಟ್ಟೆ ಹಾಕಿ ನೋಡುವ ಕೋಣೆಯ ಕನ್ನಡಿಯ ಮುಂದೆ ಅವನನ್ನು ನಿಲ್ಲಿಸಿದ.

"ಮರದ ಹಿಡಿ. ಹಳೇ ಕಾಲದ್ದು ಅನಿಸುತ್ತೆ. ತಿರುಗು. ಊಹೂಂ, ಗಿಡ್ಡ ಆಯ್ತು."

ಅಲ್ಲ ಸ್ವಾಮಿ, ಮದುಮಗಳಿಗೆ ಸೀರೆ ಆರಿಸುವ ಹಾಗೆ ಗನ್‌ಮ್ಯಾನಿಗೆ ಕೋವಿ ಆರಿಸುತ್ತಾರೆಯೇ? ಓಬುಳೇಶ ಹಲ್ಲು ಕಚ್ಚಿಕೊಂಡು ನಿಂತಿದ್ದ. ಟ್ರ್ಯಾಕ್ ಪ್ಯಾಂಟು ನೋಡಲು ಬಂದಿದ್ದ ಗಂಡಹೆಂಡಿರು ಅವನ ಭುಜದ ದಾರ ನೋಡಿ ನಕ್ಕರು.

ಎರಡನೆಯದು ಕೊಡಿಕೊಂಡದ ಚೆಕ್‌ಪೋಸ್ಟ್ ದಾಟಿ ಹೈವೇಯ ಮೇಲಿದ್ದ ಇನ್ನೂ ದೊಡ್ಡ ಕಂಪನಿಯದು. ಅಲ್ಲಿ ಏರ್‌ಗನ್ನು ಕರ‍್ರಗೆ ಮಿರಮಿರ ಮಿಂಚುತ್ತಿತ್ತು, ಮೇಲೊಂದು ದುರ್ಬೀನು ಬೇರೆ. ಅಲ್ಲಿನವರು ಮುರಳಿಕೃಷ್ಣನ ಆಧಾರ್ ಕಾರ್ಡು ನೋಡಿ, ಪಾಯಿಂಟ್ಸ್ ಬರುತ್ತವೆ ಎಂದು ಫೋನ್ ನಂಬರ್ ಕೇಳಿದರು, ಶೂ ಕೊಂಡರೆ ಸಾಕ್ಸು ಫ್ರೀ ಎಂದರು. ಯಾರಿಗೆ, ಯಾತಕ್ಕೆ, ನಿನ್ನ ಗುಣ ಎಂಥದ್ದು ಎಂದು ಒಬ್ಬನೂ ಕೇಳಲಿಲ್ಲ. ಓಬುಳೇಶನಿಗೆ ಕಲ್ಯಾಣದುರ್ಗದ ಬೆಂಚು ನೆನಪಾಗಿ ಇನ್ನಷ್ಟು ರೇಗಿತು.

"ಸಾರ್, ಇದರಾಗೆ ಹೊಡೆದ್ರೆ ಕೋತೀನೂ ತುರಿಸ್ಕೊಂಡು ಕುಂತ್ಕೊತೈತೆ. ಕಳ್ಳರು ಬಂದ್ರೆ ನಾನೇನ್ ಮಾಡ್ಲಿ?"

"ಕಳ್ಳರು ಬರಲ್ಲಪ್ಪ, ಕ್ಯಾಮೆರಾ ಇದೆ. ಗನ್ನು ಇರೋದು ಗಿರಾಕಿ ನೋಡೋಕೆ. ನಿಜ ಹೇಳ್ತೀನಿ, ಎಲೆಕ್ಷನ್ ಮುಗಿದ ಮೇಲೂ ಇದೇ ಇರಲಿ. ಆ ಹಳೇದು ಅಂದವಾಗಿಲ್ಲ."

ಅಂದವಾಗಿಲ್ಲ! ಹೊಟ್ಟೆಗೆ ಹಿಟ್ಟಿಲ್ಲದಿದ್ದರೂ ಜುಟ್ಟಿಗೆ ಮಲ್ಲಿಗೆ ಹೂ ಎಂದರೆ ಇದೇ. ಓಬುಳೇಶ ಅವತ್ತೇ ಕೊಂಡ ಕೋವಿಯ ಡಬ್ಬ ಅಲ್ಲೇ ಎಸೆದು ಬರಬೇಕಿತ್ತು. ಬರಲಿಲ್ಲ. ಎಲೆಕ್ಷನ್ ಮುಗಿದರೆ ಎಲ್ಲ ಸರಿಹೋಗುತ್ತೆ ಎಂದು ತನಗೆ ತಾನೇ ಹೇಳಿಕೊಂಡು ಉಗುಳು ನುಂಗಿದ. ಸಿಟ್ಟಿನ ಮನುಷ್ಯ ಅಪರೂಪಕ್ಕೊಮ್ಮೆ ಸಿಟ್ಟು ನುಂಗಿದ, ನುಂಗಬಾರದ ಕಡೆಯಲ್ಲೇ ನುಂಗಿದ.

ಅದೇ ವಾರ ಊರಿನಿಂದ ಗಂಗಕ್ಕ ಫೋನ್ ಮಾಡಿದಳು. ಅವನ ದೊಡ್ಡಮ್ಮನ ಮಗಳು. ಗಂಡ ಹೋದ ಮೇಲೆ ಕುರಿ ಸಾಕಿ, ಟೊಮೆಟೊ ಬೆಳೆದು, ಒಬ್ಬಳೇ ಮಗಳನ್ನು ಓದಿಸಿದವಳು. ಮಗಳು ಸುಷ್ಮಾಳ ಮದುವೆ ಗೊತ್ತಾಗಿತ್ತು. ಕಲ್ಯಾಣದುರ್ಗದಲ್ಲಿ ಚಿನ್ನದ ಅಂಗಡಿಗಳಿಗೆ ಬರವೇ? ಆದರೂ ಅವಳು ಹಿಂದೂಪುರಕ್ಕೇ ಬರುವವಳು, ತಮ್ಮನ ಅಂಗಡಿ ಎಂದು.

"ಲೋ ಓಬ್ಳೇಶ, ತದಿಗೆ ದಿನ ಬತ್ತೀನಿ ಕಣ್ಲಾ. ನಮ್ಮವ್ವನ ಕಾಸಿನ ಸರ, ನನ್ನ ಬಳೆ ಎಲ್ಲಾ ತತ್ತೀನಿ, ಹಳೇದು ಹಾಕಿ ಹೊಸದು ತಗೊಳಾನ. ಮನೇಲಿರೋದೆಲ್ಲಾ ಅದೇಯಾ. ಎಲೆಕ್ಷನ್ನಾಗೆ ಕೋವಿ ಈಸ್ಕೊತಾರಂತಲ್ಲ, ನಿಂದು ಐತೇನ್ಲಾ?"

ಓಬುಳೇಶ ಗೋಡೆಗೆ ಒರಗಿಸಿದ್ದ ಕರಿ ಏರ್‌ಗನ್ನನ್ನು ನೋಡಿದ.

"ನಾನಿದೀನಿ ಬಾರಕ್ಕ" ಎಂದ.

ತದಿಗೆಯ ದಿನ ಅಂಗಡಿಯಲ್ಲಿ ಕಾಲಿಡಲು ಜಾಗವಿರಲಿಲ್ಲ. ಟೋಕನ್ ಹಿಡಿದ ಹೆಂಗಸರು ಬೀದಿಯ ತನಕ ನಿಂತಿದ್ದರು. ಮಕ್ಕಳು ಬಂದು ಓಬುಳೇಶನ ದುರ್ಬೀನು ಮುಟ್ಟಿ ಓಡಿದವು, ಇಬ್ಬರು ಅವನ ಪಕ್ಕ ನಿಂತು ಫೋಟೊ ತೆಗೆಸಿಕೊಂಡರು. ಗಂಗಕ್ಕ ಮಗಳನ್ನು ಕರೆದುಕೊಂಡು ಬಂದವಳು ಅವನನ್ನು ನೋಡಿ ಮುಖ ಅರಳಿಸಿದಳು. "ಹೊಸಾ ಕೋವಿ ಕೊಟ್ಟವ್ರಾ!" ಎಂದು ಒಳಗೆ ಹೋದಳು. ಹಳೇ ಸರ, ಬಳೆ ಎಲ್ಲ ತೂಕಕ್ಕೆ ಹಾಕಿ, ಹೊಸ ಒಡವೆ ಆರಿಸಿ, ಡಬ್ಬಿಗಳನ್ನು ಬ್ಯಾಗಿನಲ್ಲಿಟ್ಟುಕೊಂಡು ಹೊರಗೆ ಬರುವ ಹೊತ್ತಿಗೆ ಬಿಸಿಲು ಇಳಿದಿತ್ತು.

ಮುರಳಿಕೃಷ್ಣ ಗಲ್ಲಾಪೆಟ್ಟಿಗೆಯಿಂದಲೇ ಕೂಗಿದ. "ಓಬುಳೇಶ್, ಇವರನ್ನ ಬಸ್‌ಸ್ಟ್ಯಾಂಡ್ ತನಕ ಬಿಟ್ಟು ಬಾ. ಗನ್ ಎದ್ದು ಕಾಣೋ ಹಾಗೆ ಹಿಡ್ಕೊ. ನಾಲ್ಕು ಜನ ನೋಡಲಿ."

ಸಾಲಿನಲ್ಲಿ ನಿಂತಿದ್ದ ಪೋಲಮ್ಮ ಎಂಬ ಮುದುಕಿಗೆ ಗಂಗಕ್ಕ ಹೆಮ್ಮೆಯಿಂದ ಹೇಳುತ್ತಿದ್ದಳು. "ನಮ್ಮ ತಮ್ಮ ಕಣಮ್ಮ. ಅವನ ಕೋವ್ಯಾಗೆ ಯಾವತ್ತೂ ಗುಂಡು ತುಂಬಿರ್ತೈತೆ. ಒಂದು ನರಪಿಳ್ಳೇನೂ ಹತ್ರ ಬರಾಕಿಲ್ಲ."

ಓಬುಳೇಶನಿಗೆ ಅಂಗಾಲಿನಿಂದ ನೆತ್ತಿಯ ತನಕ ಬೆಂಕಿ ಬಿತ್ತು. ದಾಪುಗಾಲು ಹಾಕಿ ಒಳಗೆ ನುಗ್ಗಿ, ಏರ್‌ಗನ್ನನ್ನು ಗಾಜಿನ ಕೌಂಟರಿನ ಮೇಲೆ ದಢಾರನೆ ಕುಕ್ಕಿದ. ಉಂಗುರದ ತಟ್ಟೆಗಳು ಕುಣಿದವು.

"ಇದು ಕೋವಿ ಅಲ್ಲ! ಎಲ್ಲಾರೂ ಕೇಳಿ. ಕೋತಿ ಓಡ್ಸೋ ಗಾಳಿ ಕೋವಿ ಇದು! ಬ್ಯಾಟು ಬಾಲು ಮಾರೋ ಅಂಗಡೀಲಿ ತಂದಿದ್ದು. ನನ್ನ ಕೋವಿ ಸ್ಟೇಷನ್ನಾಗೈತೆ. ನಾಲ್ಕು ಜನ ನೋಡ್ಲಿ ಅಂತ ನನ್ನ ಕೈಗೆ ಆಟದ ಸಾಮಾನು ಕೊಟ್ಟು ನಿಲ್ಸವ್ನೆ ಈ ಮಹಾನುಭಾವ! ನಾನೇನು ಗನ್‌ಮ್ಯಾನಾ, ಇಲ್ಲಾ ಹೊಲದಾಗಿನ ಬೆದರುಬೊಂಬೆನಾ? ನಾಳೆ ಯಾವನಾದ್ರೂ ಇವರ ಕತ್ತಿಗೆ ಕತ್ತಿ ಇಟ್ರೆ ನಾನು ಇದನ್ನ ತೋರಿಸಿ ಕುಣೀಲಾ?"

ಒಡವೆ ತೂಗುತ್ತಿದ್ದವರ ಕೈ ಅಲ್ಲೇ ನಿಂತಿತು. ಮುರಳಿಕೃಷ್ಣನ ಮುಖ ಸುಟ್ಟ ಬದನೆಕಾಯಿ. "ಬಾಯಿ ಮುಚ್ಚು. ಯೂನಿಫಾರಂ ಬಿಚ್ಚಿಟ್ಟು ಹೊರಡು" ಎಂದ. ಓಬುಳೇಶ ಗುಂಡಿ ಹರಿದುಕೊಂಡೇ ಕೋಟು ಕಿತ್ತೆಸೆದ. ಜನ ಈಗ ಎದ್ದು ಹೋಗುತ್ತಾರೆ, ಈ ಅಂಗಡಿಗೆ ಉಗಿಯುತ್ತಾರೆ ಎಂದುಕೊಂಡು ಬನಿಯನ್ನಿನಲ್ಲೇ ನಿಂತು ಕಾದ. ಯಾರೋ ಒಬ್ಬಳು ಲೊಚಗುಟ್ಟಿದಳು. ಇನ್ನೊಬ್ಬಳು, "ಅನ್ನಾ, ಕೊಂಚಂ ಪಕ್ಕಕು ಜರಗಂಡಿ" ಎಂದು ಅವನನ್ನು ಸರಿಸಿ ಕೌಂಟರಿಗೆ ಕೈ ಚಾಚಿದಳು. ಮುಂದಿನ ಟೋಕನ್ ಕೂಗಿದರು. ವ್ಯಾಪಾರ ಮತ್ತೆ ಶುರುವಾಯಿತು. ಥೂ, ಇವರ ಜನ್ಮಕ್ಕಿಷ್ಟು! ಕೋವಿ ಇರೋದು ಬರೀ ನೋಡೋಕೆ ಎಂದು ಮುರಳಿಕೃಷ್ಣ ಹೇಳಿದ್ದೇ ನಿಜವಾಯಿತಲ್ಲ ಎಂದು ಓಬುಳೇಶನ ಕಣ್ಣಲ್ಲಿ ನೀರೇ ಬಂತು.

ಅವನ ಮುಂದೆಯೇ ನಿಂತವಳು ಗಂಗಕ್ಕ ಒಬ್ಬಳೇ. ಬ್ಯಾಗನ್ನು ಎದೆಗೆ ಅವುಚಿಕೊಂಡಿದ್ದಳು. ಅವಳ ಸಿಟ್ಟು ಮುರಳಿಕೃಷ್ಣನ ಮೇಲಿರಲಿಲ್ಲ.

"ನಾನು ಫೋನ್ನಾಗೆ ಕೇಳಿದ್ನೋ ಇಲ್ವೋ? ಕೋವಿ ಐತೇನ್ಲಾ ಅಂತ ಬಾಯ್ಬಿಟ್ಟು ಕೇಳಿದ್ನೋ ಇಲ್ವೋ?"

"ಅಕ್ಕ..."

"ಅವನು ಯಾರೋ ಅಂಗಡಿಯವನು, ಸುಳ್ಳು ಹೇಳ್ತಾನೆ, ಬಿಡು. ನೀನು? ನಮ್ಮವ್ವನ ಸರ ಸೆರಗಾಗೆ ಕಟ್ಕೊಂಡು ಅಷ್ಟು ದೂರದಿಂದ ಬಂದ್ಬುಟ್ನಲ್ಲ, ಯಾರ ಮಾತು ನಂಬ್ಕೊಂಡು ಬಂದೆ? ಜನದ ಮುಂದೆ ಕೂಗಾಡಿಬುಟ್ರೆ ಆಗೋಯ್ತಾ? ನಡಿಯೇ ಸುಷ್ಮಾ!"

ಸುಷ್ಮಾ ಒಮ್ಮೆ, "ಮಾವ..." ಎಂದು ತಿರುಗಿ ನೋಡಿ ತಾಯಿಯ ಹಿಂದೆ ಓಡಿದಳು. ಓಬುಳೇಶನಿಗೆ ಕಪಾಳಕ್ಕೆ ಬಾರಿಸಿದಂತಾಗಿತ್ತು. ಅಂಗಡಿ ಪಕ್ಕದ ಸೈಕಲ್ ಸ್ಟ್ಯಾಂಡಿನಲ್ಲಿ ನೇತುಹಾಕಿದ್ದ ತನ್ನ ಅಂಗಿ ಎಳೆದುಕೊಂಡು, ತೋಳು ಹಾಕಿಕೊಳ್ಳುತ್ತಲೇ ಅವರ ಹಿಂದೆ ನಡೆದ. ಗಂಗಕ್ಕ ತಿರುಗಿ ನೋಡಲಿಲ್ಲ, ಬೇಡ ಎಂದೂ ಹೇಳಲಿಲ್ಲ. ಸಂದಿಯ ಬಾಯಿ ಬಂದಾಗ ಅವನು ಎಡಕ್ಕೆ ಸರಿದ, ಬೈಕು ಹತ್ತಿರ ಬಂದಾಗ ಬಲಕ್ಕೆ ಸರಿದ. ಕೈ ಬೀಸಿಕೊಂಡು ನಡೆದು ಅಭ್ಯಾಸವಿಲ್ಲದೆ ಕೈಗಳನ್ನು ಎಲ್ಲಿಡಬೇಕೋ ತಿಳಿಯಲಿಲ್ಲ.

ಕಲ್ಯಾಣದುರ್ಗದ ಬಸ್ಸು ನಿಂತಿತ್ತು. ತಾಯಿ ಮಗಳು ಹತ್ತಿ ಕೂತರು. ಪದ್ಧತಿಯ ಪ್ರಕಾರ ಅವನು ಅಲ್ಲಿಂದ ತಿರುಗಬೇಕಿತ್ತು. ಬಸ್ಸು ಹೊರಡುವಾಗ ಓಬುಳೇಶ ಹತ್ತಿ, ಅವರ ಸೀಟಿನ ಪಕ್ಕದಲ್ಲೇ ಕಂಬಿ ಹಿಡಿದು ನಿಂತ.

"ಎಕ್ಕಡಿಕಿ?" ಎಂದ ಕಂಡಕ್ಟರ್.

"ಇವರು ಇಳಿಯೋ ಕಡೆಗೆ" ಎಂದ ಓಬುಳೇಶ.

ದಾರಿಯುದ್ದಕ್ಕೂ ಗಂಗಕ್ಕ ಕಿಟಕಿಯಾಚೆಗೇ ನೋಡುತ್ತಿದ್ದಳು. ಸೀಟು ಖಾಲಿಯಾದರೂ ಅವನು ಕೂರಲಿಲ್ಲ. ಹತ್ತಿದವರನ್ನೂ ಇಳಿದವರನ್ನೂ ಒಬ್ಬೊಬ್ಬರನ್ನೇ ದುರುಗುಟ್ಟಿ ನೋಡುತ್ತ ನಿಂತ. ಮುರಳಿಕೃಷ್ಣನ ಮೇಲೆ, ಆ ಹೈವೇ ಅಂಗಡಿಯ ಮೇಲೆ, ಟೋಕನ್ ಹಿಡಿದ ಹೆಂಗಸರ ಮೇಲೆ ಇದ್ದ ಸಿಟ್ಟೆಲ್ಲ ತಿರುಗಿ ಅವನ ಮೇಲೇ ಬಂದು ಕೂತಿತ್ತು.

ಕಲ್ಯಾಣದುರ್ಗ ಬಂತು. ಬಾಗಿಲ ಬಳಿ ಜನ ನೂಕುತ್ತಿದ್ದರು, ಮೆಟ್ಟಿಲು ಎತ್ತರ. ಸುಷ್ಮಾ ಮೊದಲೇ ಇಳಿದಿದ್ದಳು. ಗಂಗಕ್ಕ ಒಂದು ಕೈಯಲ್ಲಿ ಸೀರೆ ನೆರಿಗೆ ಹಿಡಿದು, ಬ್ಯಾಗಿದ್ದ ಇನ್ನೊಂದು ಕೈಯಿಂದ ಕಂಬಿ ಹಿಡಿಯಲು ಹೋಗಿ, ಆಗದೆ ಹಿಂದಕ್ಕೆ ತಿರುಗಿದಳು. ಮುಖ ಇನ್ನೂ ಗಂಟು ಹಾಕಿಕೊಂಡೇ ಇತ್ತು.

"ಏನ್ ನಿಂತ್ಕೊಂಡಿದೀಯ ಕಂಬ ನಿಂತಂಗೆ? ಹಿಡಿ ಇದನ್ನ" ಎಂದು ಒಡವೆಯ ಬ್ಯಾಗನ್ನು ಅವನ ಎದೆಗೆ ತುರುಕಿ, ಎರಡೂ ಕೈಯಲ್ಲಿ ಕಂಬಿ ಹಿಡಿದು, ನಿಧಾನವಾಗಿ ಇಳಿದಳು.